ಹೊಸಮನೆ–ಭದ್ರಾವತಿ ಶಾಂತಿ ಮಾತುಕತೆ

ಪ್ರಪಂಚ ಇಷ್ಟು ಹದಗೆಟ್ಟಿರುವುದಕ್ಕೆ ಒಂದೇ ಕಾರಣ. ನನ್ನನ್ನು ಯಾರೂ ಕೇಳುವುದಿಲ್ಲ!

ಇದು ಜಂಬದ ಮಾತಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ಪಾಠ ಹೇಳಿ ನಿವೃತ್ತನಾದವನು ನಾನು. ಯಾವ ದೇಶ ಎಲ್ಲಿದೆ, ಪಕ್ಕದ ದೇಶಕ್ಕೂ ಅದಕ್ಕೂ ಯಾಕೆ ಆಗಿಬರುವುದಿಲ್ಲ ಎಂಬುದನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಶಿವಮೊಗ್ಗದ ಹೊಸಮನೆಯಲ್ಲಿರುವ ನಮ್ಮ ಮನೆಗೆ ಮೂರು ಪೇಪರ್ ಬರುತ್ತವೆ. ಮೂರರ ವಾಚಕರ ಅಂಕಣಕ್ಕೂ ನಾನು ಪತ್ರ ಬರೆಯುತ್ತೇನೆ. ಕದನ ವಿರಾಮವನ್ನು ಯಾವಾಗ ಘೋಷಿಸಬೇಕು, ಶೃಂಗಸಭೆಯಲ್ಲಿ ಯಾರ ಪಕ್ಕ ಯಾರನ್ನು ಕೂರಿಸಬಾರದು, ಎಲ್ಲವನ್ನೂ ವಿವರವಾಗಿ ತಿಳಿಸಿದ್ದೇನೆ. ಕೆಲವು ಅಚ್ಚೂ ಆಗಿವೆ. ಆದರೆ ಆಯಾ ದೇಶದ ನಾಯಕರು ಅವನ್ನು ಓದಿದ ಲಕ್ಷಣ ಇದುವರೆಗೆ ಕಂಡಿಲ್ಲ. ಯುದ್ಧ ನಡೆಸುತ್ತಲೇ ಇದ್ದಾರೆ. ರೇಗದೆ ಇನ್ನೇನು ಮಾಡಲಿ?

ನನ್ನ ಹೆಂಡತಿ ಸುಮಿತ್ರೆಗೆ ಇದರ ಗಾಂಭೀರ್ಯ ತಿಳಿಯುವುದಿಲ್ಲ. ಎರಡು ದೊಡ್ಡ ದೇಶಗಳು ಎದುರುಬದುರು ನಿಂತು ಕತ್ತಿ ಮಸೆಯುತ್ತಿರುವಾಗ ಬಂದು, "ಗ್ಯಾಸ್ ಬುಕ್ ಮಾಡಿದ್ರಾ?" ಎನ್ನುತ್ತಾಳೆ. ಇಂಥ ವಾತಾವರಣದಲ್ಲಿ ನಾನು ವಿಶ್ವಶಾಂತಿಗಾಗಿ ದುಡಿಯುತ್ತಿದ್ದೇನೆ.

ಹೀಗಿರುವಾಗ ನಮ್ಮ ಮಗಳು ಕಾವ್ಯಳ ಮದುವೆ ಗೊತ್ತಾಯಿತು. ಹುಡುಗ ದಾವಣಗೆರೆಯವನು, ಒಳ್ಳೆಯವನು. ಬೀಗರೂ ಒಳ್ಳೆಯವರು. ತೊಂದರೆ ಇದ್ದದ್ದು ನಮ್ಮ ಕಡೆಯೇ. ಸುಮಿತ್ರೆಗೆ ಒಬ್ಬ ಅಣ್ಣ, ಒಬ್ಬ ತಮ್ಮ. ಅಣ್ಣ ಶ್ರೀಕಂಠ ಭದ್ರಾವತಿಯಲ್ಲಿದ್ದಾರೆ. ಕಾರ್ಖಾನೆಯ ಸದ್ದಿನಲ್ಲಿ ಕೂಗಿ ಕೂಗಿ ಅಭ್ಯಾಸವಾಗಿ, ಈಗ ಗುಟ್ಟು ಹೇಳಿದರೂ ಬೀದಿಯ ಕೊನೆಗೆ ಕೇಳಿಸುತ್ತದೆ. ತಮ್ಮ ನಾಗರಾಜನದು ಗಾಂಧಿ ಬಜಾರಿನಲ್ಲಿ ಸೀರೆ ಅಂಗಡಿ, ಆಲ್ಕೊಳದಲ್ಲಿ ಮನೆ. ಮೂರು ವರ್ಷದಿಂದ ಇಬ್ಬರಿಗೂ ಮಾತಿಲ್ಲ.

ಕಾರಣ ಇಷ್ಟೆ. ಶ್ರೀಕಂಠ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಒಡಹುಟ್ಟಿದ ತಮ್ಮನನ್ನು ಮನೆಗೆ ಹೋಗಿ ಕುಂಕುಮ ಅಕ್ಷತೆ ಕೊಟ್ಟು ಕರೆಯುವುದನ್ನು ಬಿಟ್ಟು, ಮೊಬೈಲಿನ ಫ್ಯಾಮಿಲಿ ಗ್ರೂಪಿನಲ್ಲಿ ಕಾರ್ಡಿನ ಫೋಟೋ ಹಾಕಿ, ಕೆಳಗೆ 'ಎಲ್ಲರೂ ಬನ್ನಿ' ಎಂದು ಬರೆದರು. ನಾಗರಾಜ ಹೋಗಲಿಲ್ಲ. ಒಂದು ಗೋಡೆ ಗಡಿಯಾರವನ್ನು ಯಾರದೋ ಕೈಯಲ್ಲಿ ಕಳಿಸಿದ. ಅವರು ಅದನ್ನು ಡಬ್ಬಿಯಿಂದ ತೆಗೆಯದೆ ಅಟ್ಟಕ್ಕೆ ಹಾಕಿದರು. ಅಲ್ಲಿಗೆ ರಾಜತಾಂತ್ರಿಕ ಸಂಬಂಧ ಕಡಿದುಹೋಯಿತು.

ನಮ್ಮಲ್ಲಿ ಧಾರೆಯ ಹೊತ್ತಿಗೆ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ಕಾವ್ಯಳನ್ನು ಇಬ್ಬರೂ ಹೆಗಲ ಮೇಲೆ ಹೊತ್ತು ಬೆಳೆಸಿದವರು. "ಇಬ್ರು ಮಾವಂದ್ರೂ ಕರ್ಕೊಂಡು ಬರ್ಬೇಕು. ಒಬ್ರು ಬಂದು ಒಬ್ರು ಬರ್ದಿದ್ರೆ ನಾನು ರೂಮಿಂದ ಈಚೆಗೇ ಬರಲ್ಲ," ಎಂದು ಅವಳು ಮದುವೆ ಗೊತ್ತಾದ ದಿನವೇ ಹೇಳಿದ್ದಳು. ಅವಳು ತಾಯಿಯ ಹಾಗೆ. ಹೇಳಿದರೆ ಹೇಳಿದ್ದೇ.

ನನಗೆ ಚಿಂತೆಯಾಯಿತು ಎಂದುಕೊಳ್ಳಬೇಡಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಖುಷಿಯಾಯಿತು. ಕೊನೆಗೂ ನನ್ನ ಕೈಗೆಟುಕುವ ಒಂದು ಯುದ್ಧ ಸಿಕ್ಕಿತ್ತು!

ಭಾನುವಾರ ಗಂಡಹೆಂಡಿರು ಒಟ್ಟಿಗೆ ಹೋಗಿ ಇಬ್ಬರನ್ನೂ ಶಾಸ್ತ್ರೋಕ್ತವಾಗಿ ಕರೆಯುವುದೆಂದು ಸುಮಿತ್ರೆ ತೀರ್ಮಾನಿಸಿದ್ದಳು. ಆದರೆ ಪೂರ್ವಭಾವಿ ಮಾತುಕತೆ ಇಲ್ಲದೆ ಯಾವ ಶೃಂಗಸಭೆ ಗೆದ್ದಿದೆ? ಶುಕ್ರವಾರ ಬೆಳಿಗ್ಗೆ, "ಲೈಬ್ರರಿಗೆ ಹೋಗಿ ಬರ್ತೀನಿ," ಎಂದು ಸುಳ್ಳು ಹೇಳಿ ಭದ್ರಾವತಿ ಬಸ್ಸು ಹತ್ತಿದೆ.

ಶ್ರೀಕಂಠ ನಗುನಗುತ್ತ ಬರಮಾಡಿಕೊಂಡರು. ಅವರ ಹೆಂಡತಿ ಕಾಫಿ, ಕೋಡುಬಳೆ ತಂದಿಟ್ಟರು. ಎದುರಾಳಿ ಮೊದಲು ನಗುವುದು ಒಂದು ತಂತ್ರ. ಪೇಪರಿನ ಫೋಟೋಗಳಲ್ಲಿ ಎಷ್ಟು ನೋಡಿಲ್ಲ! ನಾನು ಮೋಸ ಹೋಗಲಿಲ್ಲ.

"ಭಾವ, ನಾಗು ವಿಷಯ ಏನಾಯ್ತು ಅಂದ್ರೆ..." ಎಂದು ಅವರು ಶುರುಮಾಡಿದರು.

ನಾನು ಕೈ ಎತ್ತಿ ತಡೆದೆ. "ನೀವು ಮಾತಾಡ್ಬೇಡಿ. ಮೊದ್ಲು ನಾನು ಹೇಳೋದು ಕೇಳಿ."

"ಅಲ್ಲ ಭಾವ, ಮೊನ್ನೆ..."

"ಮೊನ್ನೆದೂ ಬೇಡ, ನಿನ್ನೆದೂ ಬೇಡ. ಮೂಲಕ್ಕೆ ಹೋಗೋಣ," ಎಂದೆ. ಸಮಸ್ಯೆಯ ಮೂಲಕ್ಕೆ ಹೋಗದ ಶಾಂತಿ ಬಹಳ ದಿನ ಬಾಳುವುದಿಲ್ಲ ಎಂದು ನಾನು ಆರು ಪತ್ರಗಳಲ್ಲಿ ಬರೆದಿದ್ದೇನೆ. "ನಿಮಗೆ ಬೇಜಾರಾಗಿರೋದು ಸಹಜ. ನಾಗು ಮಾತು ಸ್ವಲ್ಪ ಒರಟು. ನಿಮ್ಮ ಮನೆ ಬಣ್ಣದ ಬಗ್ಗೆ ಅವನು ಹಾಗೆ ಹೇಳಬಾರದಿತ್ತು."

ಶ್ರೀಕಂಠರ ಕೈಯಲ್ಲಿದ್ದ ಕೋಡುಬಳೆ ಅರ್ಧದಲ್ಲೇ ನಿಂತಿತು. "ಬಣ್ಣನಾ? ಬಣ್ಣಕ್ಕೆ ಏನಂದ?"

"ನಿಮಗೆ ಗೊತ್ತಿಲ್ವಾ?"

"ಇಲ್ಲ. ಹೇಳಿ."

ಮುಚ್ಚುಮರೆಯಿಲ್ಲದ ಮಾತುಕತೆಯಲ್ಲಿ ನನಗೆ ಅಪಾರ ನಂಬಿಕೆ. ಆ ಮನೆಗೆ ಗಿಳಿಹಸಿರು ಬಣ್ಣ ಬಳಿಸಿದ್ದಾರೆ. ಗೃಹಪ್ರವೇಶದ ಫೋಟೋ ನೋಡಿ ನಾಗರಾಜ ಅಂಗಡಿಯಲ್ಲಿ ಕೂತು, "ಬಾಳೆಎಲೆ ಹಾಸಿದ ಹಾಗಿದೆ ಭಾವ. ನೋಡಿದ್ರೆ ನೀರು ಚಿಮುಕಿಸಿ ಊಟಕ್ಕೆ ಕೂತ್ಬಿಡೋಣ ಅನ್ಸುತ್ತೆ," ಎಂದಿದ್ದ. ಅದನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ.

ಶ್ರೀಕಂಠ ಅರ್ಧ ತಿಂದ ಕೋಡುಬಳೆಯನ್ನು ತಟ್ಟೆಗೆ ವಾಪಸ್ ಇಟ್ಟರು. ಆಮೇಲೆ, "ಇರ್ಲಿ, ನೋಡ್ಕೋತೀನಿ," ಎಂದರು. ಮೊದಲ ಸುತ್ತು ಯಶಸ್ವಿ ಎಂದು ನಾನು ಬಸ್ಸು ಹತ್ತಿದೆ.

ನೇರವಾಗಿ ಗಾಂಧಿ ಬಜಾರಿಗೆ ಹೋದೆ. ನಾಗರಾಜ ಮೂರು ಜನ ಹೆಂಗಸರಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದ.

"ನಾಗು, ಶುಭಸುದ್ದಿ. ನಿಮ್ಮಣ್ಣ ನಿನ್ನನ್ನ ಕ್ಷಮಿಸೋಕೆ ತಯಾರಿದ್ದಾರೆ."

"ಕ್ಷಮಿಸೋಕೆ ನಾನೇನು ಮಾಡಿದೀನಿ? ಮೊನ್ನೆ ತಾನೆ ಅಣ್ಣ ಇಲ್ಲೇ..."

"ಮೊನ್ನೆದು ಬೇಡ ಅಂತ ಅವರಿಗೂ ಹೇಳಿ ಬಂದಿದೀನಿ. ನನ್ನ ಹತ್ರ ಒಂದು ಸೂತ್ರ ಇದೆ."

ಸೂತ್ರವನ್ನು ಬಸ್ಸಿನಲ್ಲೇ ಸಿದ್ಧಪಡಿಸಿದ್ದೆ. ಕಲ್ಯಾಣ ಮಂಟಪದಲ್ಲಿ ವಧುವಿನ ಕೋಣೆಯಿಂದ ಧಾರೆ ಮಂಟಪದವರೆಗಿನ ದಾರಿಯನ್ನು ಎರಡು ಭಾಗ ಮಾಡುವುದು. ನಡುವೆ ರಂಗೋಲಿಯಲ್ಲಿ ಒಂದು ಗೆರೆ. ಗೆರೆಯವರೆಗೆ ಒಬ್ಬ ಮಾವ. ಅಲ್ಲಿ ಹಸ್ತಾಂತರ. ಗೆರೆಯಿಂದಾಚೆ ಇನ್ನೊಬ್ಬ ಮಾವ. ಇಬ್ಬರೂ ಪರಸ್ಪರ ಮುಖ ನೋಡುವ ಅಗತ್ಯವೇ ಇಲ್ಲ. ಇದನ್ನು ಜಗತ್ತಿನ ಯಾವ ಗಡಿಗೆ ಬೇಕಾದರೂ ಅನ್ವಯಿಸಬಹುದು!

"ಹುಡುಗಿ ಏನು ಪಾರ್ಸಲ್ಲಾ ಭಾವ?" ಎಂದ ನಾಗರಾಜ. ಸೀರೆ ನೋಡುತ್ತಿದ್ದ ಹೆಂಗಸರು ಸೀರೆ ಬಿಟ್ಟು ನಮ್ಮನ್ನು ನೋಡತೊಡಗಿದರು. ಅವನು ಸ್ವಲ್ಪ ಯೋಚಿಸಿ ಕೇಳಿದ, "ಆಯ್ತು, ಮಂಟಪದ ಹತ್ರದ ಅರ್ಧ ಯಾರಿಗೆ?"

ಫೋಟೋ, ವಿಡಿಯೋ ಎಲ್ಲ ಇರುವುದು ಮಂಟಪದ ಹತ್ತಿರ. ಇಷ್ಟು ಸಣ್ಣ ವಿಷಯ ನನ್ನ ಸೂತ್ರದಲ್ಲಿ ಬಿಟ್ಟುಹೋಗಿತ್ತು. ಆ ಕ್ಷಣಕ್ಕೆ ಬಾಯಿಗೆ ಬಂದದ್ದು, "ನಿಮ್ಮಣ್ಣ ಕೇಳಿದ್ದಾರೆ. ದೊಡ್ಡವರಲ್ವಾ?"

"ಅಣ್ಣ ಕೇಳಿದ್ನಾ? ಬಾಯಿಬಿಟ್ಟು ಕೇಳಿದ್ನಾ?"

"ಹೆಚ್ಚುಕಡಿಮೆ," ಎಂದೆ. ಅವರು ಕೇಳಿರಲಿಲ್ಲ. ಆದರೆ ಕೇಳುತ್ತಿದ್ದರು ಎಂಬುದು ನನ್ನ ವಿಶ್ಲೇಷಣೆ.

ನಾಗರಾಜ ಸೀರೆಯನ್ನು ಮಡಿಸಿದ ರೀತಿ ನೋಡಿ ನನಗೆ ಭಯವಾಗಬೇಕಿತ್ತು. ಆಗಲಿಲ್ಲ. ಅವನು ಬೇಡವೆನ್ನಲಿಲ್ಲವಾದ್ದರಿಂದ ಒಪ್ಪಿದಂತೆಯೇ ಎಂದು ಭಾವಿಸಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಫ್ಯಾಮಿಲಿ ಗ್ರೂಪಿಗೆ ಜಂಟಿ ಹೇಳಿಕೆ ಬಿಡುಗಡೆ ಮಾಡಿದೆ:

'ಉಭಯ ಮಾವಂದಿರೊಂದಿಗೆ ಸೌಹಾರ್ದ ವಾತಾವರಣದಲ್ಲಿ ಫಲಪ್ರದ ಮಾತುಕತೆ ನಡೆದಿದ್ದು, ವಧುವಿನ ಪ್ರಯಾಣದ ಪೂರ್ವಾರ್ಧವನ್ನು ನಾಗರಾಜ್, ಉತ್ತರಾರ್ಧವನ್ನು ಶ್ರೀಕಂಠ ನಿರ್ವಹಿಸುವರು. ಮನೆಯ ಬಣ್ಣವೂ ಸೇರಿದಂತೆ ಹಳೆಯ ಟೀಕೆಗಳನ್ನೆಲ್ಲ ಮರೆಯಲು ನಿರ್ಧರಿಸಲಾಗಿದೆ.'

ಗ್ರೂಪಿನಲ್ಲಿ ನಲವತ್ತು ಜನರಿದ್ದಾರೆ. ಎರಡು ನಿಮಿಷಕ್ಕೆ ಶ್ರೀಕಂಠ ಗ್ರೂಪ್ ಬಿಟ್ಟರು. ಮೂರನೆಯ ನಿಮಿಷಕ್ಕೆ ನಾಗರಾಜ ಬಿಟ್ಟ. ತರೀಕೆರೆಯ ಚಿಕ್ಕಮ್ಮ, 'ಯಾವ ಬಣ್ಣ? ಏನು ಟೀಕೆ?' ಎಂದು ಕೇಳಿದರು. ನಾನು ಮನೆ ಸೇರುವಷ್ಟರಲ್ಲಿ ಸುಮಿತ್ರೆ ಬಾಗಿಲಲ್ಲೇ ನಿಂತಿದ್ದಳು.

"ಲೈಬ್ರರಿಗೆ ಹೋಗಿದ್ರಾ?"

ನಾನು ಶಾಂತಿ ಪ್ರಕ್ರಿಯೆಯ ವಿವರ ಕೊಡಲು ಬಾಯಿ ತೆರೆದೆ.

"ಏನ್ರೀ ಮಾಡಿಟ್ರಿ! ಅವರಿಬ್ರೂ ರಾಜಿಯಾಗಿ ಹದಿನೈದು ದಿನ ಆಯ್ತಲ್ರೀ!"

ನನಗೆ ಅರ್ಥವಾಗಲಿಲ್ಲ.

"ಅಣ್ಣ ಮದುವೆ ಸೀರೆ ಕೊಡಿಸ್ತೀನಿ ಅಂತ ತಾನಾಗೇ ನಾಗು ಅಂಗಡಿಗೆ ಹೋದ. ನಾಗು ಕಾಫಿ ತರಿಸಿದ. ಇಬ್ರೂ ಅತ್ತು, ಅಂಗಡಿ ಬಾಗಿಲು ಹಾಕ್ಕೊಂಡು ಊಟಕ್ಕೆ ಇಲ್ಲಿಗೇ ಹೊರಟಿದ್ರು, ನಾನೇ ಫೋನಲ್ಲಿ, ಹೋಳಿಗೆ ಮಾಡಿಲ್ಲ, ಇನ್ನೊಂದಿನ ಬನ್ನಿ ಅಂದೆ. ಅವತ್ತೇ ನಿಮಗೆ ಹೇಳ್ಲಿಲ್ವಾ?"

"ನನಗಾ?"

"ನಿಮಗೇ! ನೀವು ಅದೇನೋ ಪತ್ರ ಬರೀತಾ ಇದ್ರಿ. 'ಇದೆಲ್ಲ ತಾತ್ಕಾಲಿಕ ಕದನ ವಿರಾಮ, ಒಳಗೊಳಗೇ ಶಸ್ತ್ರಾಸ್ತ್ರ ಬಂದು ಬೀಳ್ತಾ ಇರುತ್ತೆ' ಅಂದ್ರಿ. ತಮಾಷೆ ಮಾಡ್ತಿದೀರ ಅಂತ ನಾನೂ ನಕ್ಕೆ ಮಾರಾಯ್ರೆ!"

ಹಾಗೆ ಹೇಳಿದ್ದು ನೆನಪಾಯಿತು. ಆದರೆ ಅದು ಬೇರೆ ಖಂಡದ ಬಗ್ಗೆ. ಸಮುದ್ರದಾಚೆ ಯಾವ ಮಂತ್ರಿ ರಾಜೀನಾಮೆ ಕೊಟ್ಟನೆಂದು ನನಗೆ ಕಾಫಿಗೆ ಮೊದಲೇ ಗೊತ್ತಿರುತ್ತದೆ. ನನ್ನ ಮನೆಯ ಯುದ್ಧ ಮುಗಿದು ಹದಿನೈದು ದಿನವಾದದ್ದು ಗೊತ್ತಿರಲಿಲ್ಲ. ಮುಗಿದ ಯುದ್ಧವನ್ನು ನಾನೇ ಖುದ್ದಾಗಿ ಬಸ್ಸಿನಲ್ಲಿ ಓಡಾಡಿ ಮತ್ತೆ ಹಚ್ಚಿ ಬಂದಿದ್ದೆ!

ಬ್ಯಾಂಕಿನ ಕೆಲಸ ಮುಗಿಸಿ ಬಂದ ಕಾವ್ಯಳಿಗೂ ಗ್ರೂಪಿನಿಂದ ಎಲ್ಲ ತಿಳಿದಿತ್ತು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತು, "ಅಪ್ಪಾ, ನಾನು ನಿಮ್ಮ ಹತ್ರ ಬೇರೆ ಏನಾದ್ರೂ ಕೇಳಿದ್ನಾ?" ಎಂದಳು. ಅಷ್ಟೇ. ಕಣ್ಣಲ್ಲಿ ನೀರಿತ್ತು. ನಿಜ ಹೇಳುತ್ತೇನೆ, ಅವತ್ತು ನನ್ನ ಬಗ್ಗೆ ನನಗೆ ಬಂದಷ್ಟು ಸಿಟ್ಟು ಯಾವ ಸರ್ವಾಧಿಕಾರಿಯ ಮೇಲೂ ಬಂದಿಲ್ಲ.

ಭಾನುವಾರ ಸುಮಿತ್ರೆ ಕುಂಕುಮದ ಭರಣಿ ಹಿಡಿದು, ನನ್ನನ್ನೂ ಕಾವ್ಯಳನ್ನೂ ಕರೆದುಕೊಂಡು ಹೊರಟಳು. ಮೊದಲು ಆಲ್ಕೊಳ. ನಾಗರಾಜನಿಗೆ ಕುಂಕುಮ ಅಕ್ಷತೆ ಕೊಟ್ಟು, "ಈಗ ಶರ್ಟ್ ಹಾಕ್ಕೊಂಡು ಬಾ, ಅಣ್ಣನ ಮನೆಗೆ ಹೋಗ್ಬೇಕು," ಎಂದಳು. ಅಕ್ಕನ ಮುಖ ನೋಡಿ ಅವನು ಬಂದ. ಅವನ ಕಾರಿನಲ್ಲೇ ಎಲ್ಲರೂ ಭದ್ರಾವತಿಗೆ ಹೋದೆವು. ದಾರಿಯುದ್ದಕ್ಕೂ ಯಾರೂ ನನ್ನ ಜೊತೆ ಮಾತಾಡಲಿಲ್ಲ. ನನಗೆ ಒಂದೇ ಒಂದು ಹೇಳಿಕೆ ಕೊಡಲು ಅನುಮತಿ ಇತ್ತು. ಅದನ್ನೂ ಸುಮಿತ್ರೆಯೇ ಸಿದ್ಧಪಡಿಸಿದ್ದಳು.

ಶ್ರೀಕಂಠರ ನಡುಮನೆಯಲ್ಲಿ ನಿಂತು ಒಪ್ಪಿಸಿದೆ. "ಮಂಟಪದ ಹತ್ರದ ಅರ್ಧ ಬೇಕು ಅಂತ ಶ್ರೀಕಂಠ ಭಾವ ಕೇಳಿರಲಿಲ್ಲ. ಅದು ನಾನೇ ಕಟ್ಟಿದ್ದು. ತಪ್ಪಾಯ್ತು." ಹೇಳಿ ತಲೆ ಎತ್ತಿದರೆ ಎದುರಿನ ಗೋಡೆಯ ಮೇಲೆ ನಾಗರಾಜ ಕಳಿಸಿದ್ದ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಶುಕ್ರವಾರವೂ ಅಲ್ಲೇ ಇತ್ತಂತೆ. ಅದರ ಕೆಳಗೇ ಕೂತು ನಾನು ಮಾತುಕತೆ ನಡೆಸಿದ್ದೆ.

ಉಳಿದದ್ದು ಬಣ್ಣ. ಅದು ಸುಳ್ಳಾಗಿರಲಿಲ್ಲ, ಅದೇ ಕಷ್ಟ.

"ಏನೋ ನಾಗು," ಎಂದರು ಶ್ರೀಕಂಠ, "ನಿಜಕ್ಕೂ ಬಾಳೆಎಲೆ ಅಂದ್ಯಾ?"

ನಾಗರಾಜ ನೆಲ ನೋಡಿದ. "ಅಂದೆ ಅಣ್ಣ. ಸಿಟ್ಟಿತ್ತು ಅವಾಗ."

"ಸಿಟ್ಟು ಬಿಡು. ಬಣ್ಣ ಹಿಡಿಸ್ತೋ ಇಲ್ವೋ ಹೇಳು."

"...ಇಲ್ಲ ಅಣ್ಣ."

ಶ್ರೀಕಂಠ ತಮ್ಮನ ಕಿವಿಯ ಹತ್ತಿರ ಬಗ್ಗಿ ಗುಟ್ಟಾಗಿ ಹೇಳಿದರು, "ನಂಗೂ ಹಿಡಿಸಿಲ್ಲ ಕಣೋ. ನಿಮ್ಮತ್ತಿಗೆ ಆರಿಸಿದ್ದು!"

ಅವರ ಗುಟ್ಟು ಅಡಿಗೆಮನೆಗೂ ಕೇಳಿಸಿತು, ಪಕ್ಕದ ಮನೆಗೂ ಕೇಳಿಸಿತು. ಒಳಗಿನಿಂದ, "ಹೌದಾ? ಹಾಗಾದ್ರೆ ಇವತ್ತು ಊಟಕ್ಕೆ ಗೋಡೆನೇ ನೆಕ್ಕಿ!" ಎಂದು ಉತ್ತರ ಬಂತು. ಅಣ್ಣ ತಮ್ಮ ಒಬ್ಬರನ್ನೊಬ್ಬರು ಹಿಡಿದುಕೊಂಡು ನಕ್ಕರು. ಕಾವ್ಯ ನಕ್ಕಳು. ನಾನೂ ನಗಲು ಹೊರಟೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಮೂರು ವರ್ಷದಲ್ಲಿ ಅವರು ಇಷ್ಟು ಒಮ್ಮತದಿಂದ ಯಾವ ನಿರ್ಣಯವನ್ನೂ ಕೈಗೊಂಡಿರಲಿಲ್ಲ.

"ಮದುವೆ ಮುಗಿಯೋವರೆಗೂ ಭಾವ ಯಾರ ಹತ್ರನೂ ಮಾತಾಡಂಗಿಲ್ಲ," ಎಂದರು ಶ್ರೀಕಂಠ.

"ಗ್ರೂಪಿಂದಾನೂ ತೆಗೀರಿ," ಎಂದ ನಾಗರಾಜ.

ಮದುವೆಯ ದಿನ ಕೋಣೆಯಿಂದ ಕಾವ್ಯ ಹೊರಬಂದಳು. ಬಲಗೈ ದೊಡ್ಡ ಮಾವನ ಕೈಯಲ್ಲಿ, ಎಡಗೈ ಚಿಕ್ಕ ಮಾವನ ಕೈಯಲ್ಲಿ. ನಡುವೆ ಯಾವ ಗೆರೆಯೂ ಇರಲಿಲ್ಲ. ನಾನು ಮಂಟಪದಲ್ಲಿ ಕೂತಿದ್ದೆ. ಅವಳು ನನ್ನನ್ನು ನೋಡಿ ನಕ್ಕಳು. ಕ್ಷಮಿಸಿದ್ದಾಳೆ ಎಂದು ಗೊತ್ತಾಯಿತು. ಪಂಚೆಯ ಅಂಚಿನಲ್ಲೇ ಕಣ್ಣೊರೆಸಿಕೊಂಡೆ.

ಊಟದ ಪಂಕ್ತಿಯಲ್ಲಿ ದಾವಣಗೆರೆಯ ಬೀಗರು ನನ್ನ ಪಕ್ಕ ಕೂತರು. ಪೇಪರಿನಲ್ಲಿ ನನ್ನ ಪತ್ರಗಳನ್ನು ಓದುತ್ತಾರಂತೆ. ಇಂಥ ಒಬ್ಬ ಓದುಗನಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ! ಅವರು ಎಲೆಯ ಮೇಲೆ ಬಗ್ಗಿ ಬಹಳ ಗೌರವದಿಂದ ಕೇಳಿದರು, "ಬೀಗ್ರೆ, ಈಗ ನಡೀತಿದ್ಯಲ್ಲ ಆ ಯುದ್ಧ, ಅದರ ಬಗ್ಗೆ ನಿಮ್ಮ ಅಭಿಪ್ರಾಯ ಏನು?"

ಎದುರು ಸಾಲಿನಲ್ಲಿ ಇಬ್ಬರು ಭಾವಮೈದುನರೂ ತುತ್ತು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ತಡೀರಿ ಬೀಗ್ರೆ," ಎಂದೆ. "ಅದು ಇನ್ನೂ ನಡೀತಿದ್ಯೋ, ಮುಗೀತೋ, ಮನೆಯವಳನ್ನ ಕೇಳಿ ಹೇಳ್ತೀನಿ."