ನನ್ನ ಮುನ್ನುಡಿಯನ್ನು ಹುಕ್ಕೇರಿಗೆ ಮುಟ್ಟಿಸಿದ ವೈರಸ್ ಮಹಾಶಯರಿಗೆ

ಮಾನ್ಯರೇ,

ಗೋಕಾಕದಿಂದ ವಂದನಾ ಚೌಗಲಾ ಮಾಡುವ ಸವಿನಯ ನಮಸ್ಕಾರಗಳು. ತಮ್ಮ ಊರು, ಮನೆತನ, ತಂದೆಯವರ ಹೆಸರು ಯಾವುದೂ ತಿಳಿಯದ ಕಾರಣ ಬರಿಯ ‘ಮಾನ್ಯರೇ’ ಎಂದು ಕರೆದಿದ್ದೇನೆ, ಮನ್ನಿಸಬೇಕು. ಬಾಗಿಲಿಗೆ ಬಂದವರಿಗೆ ಮೊದಲು ನೀರು ಕೊಟ್ಟು, ಆಮೇಲೆ ಯಾವೂರು, ಯಾರ ಪೈಕಿ ಎಂದು ಕೇಳುವುದು ನಮ್ಮ ಕಡೆಯ ರೂಢಿ. ತಮಗೆ ನೀರಿನ ಬದಲು ಮನೆಯ ಕಂಪ್ಯೂಟರನ್ನೇ ಕೊಟ್ಟೆ, ಕೇಳುವುದನ್ನು ಮರೆತೆ. ಆ ಮರೆವಿನಿಂದ ನನ್ನ ಮಗಳು ಭಕ್ತಿಯ ಮದುವೆ ಮುರಿಯುವ ಹಂತಕ್ಕೆ ಬಂದುದನ್ನು ತಮ್ಮ ಗಮನಕ್ಕೆ ತರುವುದೇ ಈ ಪತ್ರದ ಉದ್ದೇಶ.

ತಾವು ಬಂದದ್ದು ಮೂಡಲಗಿಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ನನ್ನ ಮೈದುನ ಗೊಮ್ಮಟೇಶನ ಹೆಸರಿನ ಇಮೇಲಿನಲ್ಲಿ. ‘ಲಗತ್ತಿಸಿದ ಕಡತವನ್ನು ನೋಡಿ ತಮ್ಮ ಸಲಹೆ ನೀಡಬೇಕು’ ಎಂದು ಇಂಗ್ಲಿಷಿನಲ್ಲಿ ವಿನಂತಿಸಿಕೊಂಡಿದ್ದಿರಿ. ಮಾನ್ಯರೇ, ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದು ಇಪ್ಪತ್ತು ವರ್ಷ ಮೀರಿದರೂ ಈ ಮನೆತನದಲ್ಲಿ ನನ್ನ ಸಲಹೆ ಕೇಳಿದ ಮೊದಲಿಗರು ತಾವು. ಕೈ ತಡೆಯದೆ ತೆರೆದೆ. ಒಳಗೆ ಪಂಪ್‌ಸೆಟ್ಟಿನ ವಾಲ್ವು, ವಾಷರುಗಳ ದರಪಟ್ಟಿ ಇತ್ತು. ಅದಕ್ಕೂ ಒಂದು ಪ್ರಾಮಾಣಿಕ ಸಲಹೆ ಕೊಡಬೇಕೆಂದು ನಾನು ಕನ್ನಡಕ ಒರೆಸಿಕೊಂಡು ಕೂತಿರುವಾಗಲೇ, ತಾವು ಹಿಂದಿನ ಬಾಗಿಲಿನಿಂದ ಒಳಹೊಕ್ಕು ನನ್ನ ಕಡತಗಳನ್ನೆಲ್ಲ ತಿರುವಿ, ಅವುಗಳಲ್ಲಿ ಒಂದನ್ನು ಆರಿಸಿ, ನಾನು ವಿಳಾಸ ಬರೆದಿಟ್ಟ ಎಲ್ಲರಿಗೂ ನನ್ನ ಹೆಸರಿನಲ್ಲೇ ಕಳಿಸಿ ಮುಗಿಸಿದ್ದಿರಿ.

ಆ ಕಡತದ ಹಿನ್ನೆಲೆ ತಮಗೆ ತಿಳಿದಿರಲಾರದು. ಭಕ್ತಿಯನ್ನು ನೋಡಲು ಹುಕ್ಕೇರಿಯ ಪಾಯಪ್ಪನವರು ಹೆಂಡತಿ ಮತ್ತು ಮಗನೊಂದಿಗೆ ಚಳಿಗಾಲದ ಒಂದು ಮಧ್ಯಾಹ್ನ ಬಂದಿದ್ದರು. ಹುಡುಗ ಹುಡುಗಿ ಪರಸ್ಪರ ಒಪ್ಪಿದ್ದು ಇಬ್ಬರ ಮುಖದಲ್ಲೇ ಕಾಣುತ್ತಿತ್ತು. ಪಾಯಪ್ಪನವರು ಕವಿಗಳೆಂದು ತಿಳಿದ ಸಂತೋಷಕ್ಕೆ ನಾನು ನನ್ನ ಮೆಚ್ಚಿನ ಕವಿತೆಗಳನ್ನು ತೆಗೆದು ಅವರಿಗೆ ಓದಿ ಹೇಳಲು ಕೂತೆ. ಕೊನೆಗೆ ಅವರು ಎದ್ದು, “ಇಷ್ಟು ಕೇಳಿದ ಮ್ಯಾಲ ಊಟದ ಮಾತೇನ್ರಿ ಬಾಯಾರ, ಹೊಟ್ಟಿ ತುಂಬೇತಿ” ಎಂದು ಕೈಮುಗಿದು ಹೊರಟರು. ನನ್ನ ಓದಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೆ ಬೇಡವೆಂದುಕೊಂಡೆ. ನಮ್ಮ ಅತ್ತೆ ಉದ್ದವ್ವನವರು ಮಾತ್ರ ಆ ಸಂಜೆ ನನ್ನೊಂದಿಗೆ ಮಾತಾಡಲಿಲ್ಲ. ಅವರಿಗೆ ಕವಿತೆ ಸೇರದು ಎಂದು ಸುಮ್ಮನಾದೆ.

ಮುಂದಿನ ವಾರವೇ ಪಾಯಪ್ಪನವರು ತಮ್ಮ ಕವನ ಸಂಕಲನಕ್ಕೆ ನನ್ನಿಂದ ಮುನ್ನುಡಿ ಕೇಳಿದರು. ಬೀಗರಾಗುವವರಿಗೆ ಇಲ್ಲವೆನ್ನಲು ಬರುತ್ತದೆಯೇ? ಎರಡು ಮುನ್ನುಡಿ ಬರೆದೆ. ‘ಕಾವ್ಯಲೋಕದಲ್ಲೊಂದು ಹೊಸ ಬೆಳಕು’ ಎಂಬುದು ಅವರಿಗೆ ಕಳಿಸಲು. ಇನ್ನೊಂದು, ಹೊಟ್ಟೆಯೊಳಗಿನದನ್ನು ಎಲ್ಲಾದರೂ ಇಳಿಸಬೇಕಲ್ಲ ಎಂದು ಬರೆದಿಟ್ಟುಕೊಂಡದ್ದು: ‘ಈ ಕವಿಗಳು ಕಬ್ಬಿನ ಗಾಣದ ಮೇಲೆ ಬರೆದರೂ ಚಂದ್ರನನ್ನು ಕರೆತರುತ್ತಾರೆ, ಎತ್ತಿನ ಮೇಲೆ ಬರೆದರೂ ಚಂದ್ರನನ್ನು ಕರೆತರುತ್ತಾರೆ. ಧುಪದಾಳದ ಒಡ್ಡಿನಲ್ಲಿ ನೀರು ನಿಲ್ಲುತ್ತದೆ, ಇವರ ಚಂದ್ರ ಮಾತ್ರ ಎಲ್ಲಿಯೂ ನಿಲ್ಲುವುದಿಲ್ಲ.’

ಮಾನ್ಯರೇ, ತಾವು ಆರಿಸಿಕೊಂಡದ್ದು ಎರಡನೆಯದನ್ನು.

ಇಲ್ಲಿ ತಮ್ಮ ಕಾರ್ಯದಕ್ಷತೆಯನ್ನು ಕೊಂಡಾಡದೆ ಮುಂದೆ ಹೋಗಲಾರೆ. ನನ್ನ ಬರಹಗಳನ್ನು ಪತ್ರಿಕೆಗಳ ಸಂಪಾದಕರು ವರ್ಷಾನುಗಟ್ಟಲೆ ವಿಷಾದಪೂರ್ವಕವಾಗಿ ಹಿಂದಿರುಗಿಸಿದ್ದಾರೆ. ತಾವು ಓದಿದ ಗಳಿಗೆಯಲ್ಲೇ ಸ್ವೀಕರಿಸಿದಿರಿ, ಒಂದಕ್ಷರ ತಿದ್ದಲಿಲ್ಲ, ಅಂಚೆಚೀಟಿ ಕೇಳಲಿಲ್ಲ, ಒಂದೇ ಮಧ್ಯಾಹ್ನದಲ್ಲಿ ಬೆಳಗಾವಿಯಿಂದ ಸಾಂಗಲಿಯವರೆಗೆ ಹಂಚಿದಿರಿ. ಇನ್ನೂ ಸ್ವಾರಸ್ಯವೆಂದರೆ, ಕನ್ನಡ ಲಿಪಿಯ ತಂತ್ರಾಂಶವಿಲ್ಲದ ನೆಂಟರೆಲ್ಲರ ಪರದೆಯ ಮೇಲೆ ಆ ಬರಹ ಇರುವೆ ಸಾಲಿನಂತೆ ಮೂಡಿ ಯಾರಿಗೂ ತಿಳಿಯಲಿಲ್ಲ. ತಿಳಿದದ್ದು ಒಬ್ಬರಿಗೇ. ಪಾಯಪ್ಪನವರ ಮನೆಯಲ್ಲಿ ಆ ತಂತ್ರಾಂಶವಿತ್ತು. ಕವಿತೆಗಳನ್ನು ಟೈಪು ಮಾಡಿಕೊಳ್ಳಲೆಂದು ಅವರಿಗೆ ಅದನ್ನು ಫ್ಲಾಪಿಯಲ್ಲಿ ಹಾಕಿ, ಮೇಲೊಂದು ಕರದಂಟಿನ ಡಬ್ಬಿ ಇಟ್ಟು, ಕೊಟ್ಟು ಕಳಿಸಿದವಳು ನಾನೇ.

ಹುಕ್ಕೇರಿಯ ಫೋನು ನಿಂತಿತು. ಕಂಪ್ಯೂಟರ್ ತರಬೇತಿ ನಡೆಸುವ ನಾಗನೂರಿನ ಸಿದ್ರಾಯ ಬಂದು ನಮ್ಮ ಯಂತ್ರವನ್ನು ತಪಾಸಣೆ ಮಾಡಿ, ತಾವು ಏನೇನು ಮಾಡಿದ್ದೀರೆಂದು ಬಿಡಿಸಿ ಹೇಳಿದ ಮೇಲೆಯೇ ಆ ಮೌನದ ಕಾರಣ ನಮಗೆ ತಿಳಿದದ್ದು. ನನ್ನ ಯಜಮಾನರು ಜಿನೇಂದ್ರ ಅವರು ಕಂಪ್ಯೂಟರಿಗೆ ಇಂಟರ್ನೆಟ್ ತರುತ್ತಿದ್ದ ಟೆಲಿಫೋನ್ ತಂತಿಯನ್ನು ಕಿತ್ತು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಉದ್ದವ್ವನವರು, “ನೀರು ಅರಿವಿಲೆ ಸೋಸಿ ಕುಡಿಯೂ ಮಂದಿ ನಾವು. ಇದನ್ನ ಹಂಗ ಗಟಗಟಾ ಕುಡದ್ಯಲ್ಲ, ಅಷ್ಟು ಸಾಲಿ ಕಲತು ಏನ್ ಮಾಡಿದಿ?” ಎಂದರು. ಭಕ್ತಿ ಹೆಚ್ಚು ಮಾತಾಡುವವಳಲ್ಲ. “ಅವ್ವಾ, ನೀ ವಿಮರ್ಶಾ ಬರಿ, ಬ್ಯಾಡನ್ನಂಗಿಲ್ಲ. ನನ್ನ ಲಗ್ನ ಆಗೂತನಕ ತಡಕೋಬಾರದಿತ್ತೇನ?” ಎಂದಷ್ಟೇ ಕೇಳಿ ಒಳಗೆ ಹೋದಳು.

ಸಿದ್ರಾಯ ತಮ್ಮನ್ನು ಹೊರಹಾಕಿ, ಪರದೆಯ ಮೂಲೆಯಲ್ಲಿ ಒಬ್ಬ ಕಾವಲುಗಾರನನ್ನು ಕೂರಿಸಿ, ಅವನಿಗೆ ವಾರಕ್ಕೊಮ್ಮೆ ಹೊಸ ಕಳ್ಳರ ಗುರುತು ಕಲಿಸಬೇಕೆಂದು ಹೇಳಿ ಹೊರಟ. ಹೊರಡುವ ಮುನ್ನ ನನಗೂ ಒಂದು ತಾಕೀತು ಮಾಡಿದ: “ಯಾರ ಹೆಸರಿಲೆ ಏನ ಲಗತ್ತು ಬರ್ಲಿ ಅಕ್ಕಾರ, ಮೊದ್ಲ ಅವರಿಗೆ ಫೋನ್ ಹಚ್ಚಿ, ಖರೇನ ನೀವ ಕಳಿಸಿರೇನ್ರಿ ಅಂತ ಕೇಳ್ರಿ. ಹೂಂ ಅಂದ್ರ ತೆರೀರಿ. ಇಲ್ಲಂದ್ರ ಅದರ ತಂಟೇಕ ಹೋಗಬ್ಯಾಡ್ರಿ.”

ತಂತಿ ಕಪಾಟಿನಿಂದ ಹೊರಬಂದ ಕೆಲವೇ ದಿನಕ್ಕೆ, ತಮ್ಮದೇ ಇಂಗ್ಲಿಷ್ ವಿನಂತಿಯನ್ನು ಹೊತ್ತು ಇಮೇಲೊಂದು ಬಂತು. ಕಳಿಸಿದವರ ಜಾಗದಲ್ಲಿ ಪಾಯಪ್ಪನವರ ಹೆಸರು; ನನ್ನ ಮುನ್ನುಡಿಯ ಜೊತೆ ತಾವು ಅವರ ಕಂಪ್ಯೂಟರನ್ನೂ ಹೊಕ್ಕಿದ್ದಿರಬೇಕು. ಲಗತ್ತಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ‘ಹಸಿವು’. ತೆರೆಯಲು ಕೈ ತುರಿಸಿತು, ಸುಳ್ಳು ಹೇಳಲಾರೆ. ಆದರೆ ನಿಯಮವೆಂದರೆ ನಿಯಮ. ತೆರೆಯಬಾರದು, ಫೋನು ಮಾಡಬೇಕು. ಯಾರಿಗೆ ಮುಖ ತೋರಿಸಲು ಹೆದರಿದ್ದೆನೋ ಅವರಿಗೇ ಫೋನು ಮಾಡುವಂತಾಯಿತು.

“ತಾವು ನನಗೆ ಏನಾದರೂ ಕಳಿಸಿದ್ದೀರಾ?” ಎಂದೆ. “ನಾ ಏನೂ ಕಳಿಸಿಲ್ರಿ ಬಾಯಾರ. ನಿಮಗ ಕಳಸೂವಷ್ಟು ಧೈರ್ಯ ಈಗ ಉಳದಿಲ್ರಿ” ಎಂದರು. ‘ಹಸಿವು’ ಎಂಬ ಹೆಸರು ಹೇಳಿದೆ. “ಅಯ್ಯಯ್ಯೋ, ಅದನ್ನ ತೆರೀಬ್ಯಾಡ್ರಿ” ಎಂದರು. ಅದರಲ್ಲಿ ವೈರಸ್ ಇದೆಯೆಂದು ನನಗೂ ಗೊತ್ತಿದೆ ಎಂದೆ. “ವೈರಸ್ ಇದ್ರ ಇರ್ಲಿ ಬಿಡ್ರಿ, ಅದರಾಗ ನೀವ ಅದೀರಿ!” ಎಂದರು.

ನಾನು ಕವಿತೆ ಓದಿದ ಆ ಸಂಜೆಯ ನಿಜ ನನಗೆ ತಿಳಿದದ್ದು ಆಗಲೇ. ನಮ್ಮಂತೆ ಅವರೂ ಜೈನರು, ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟದವರು. ಅತ್ತೆಯವರು ಹೋಳಿಗೆ ಬಡಿಸಿಟ್ಟು ಬಾಗಿಲಲ್ಲಿ ನಿಂತು ಕರೆದಾಗಲೆಲ್ಲ ನಾನು ಬೆರಳೆತ್ತಿ ‘ಇನ್ನೊಂದೇ ಕವಿತೆ’ ಎಂದಿದ್ದೆ. ಚಳಿಗಾಲದ ಸೂರ್ಯ ನನ್ನ ಬೆರಳಿಗೆ ಕಾಯಲಿಲ್ಲ. ಹೆಣ್ಣು ನೋಡಲು ಬಂದವರು ಉಪವಾಸ ಹುಕ್ಕೇರಿ ಸೇರಿದ್ದರು. ಪಾಯಪ್ಪನವರು ನಿದ್ದೆ ಬಾರದೆ ಒಂದು ಕವಿತೆ ಬರೆದಿದ್ದರು. ಬಹಳ ಒತ್ತಾಯಿಸಿದ ಮೇಲೆ ಅದನ್ನು ಫೋನಿನಲ್ಲೇ ಹೇಳಿದರು:

ಹೊತ್ತು ಇಳದೈತಿ ಕಿಡಕಿ ಆಚೆ,
ಹೋಳಿಗಿ ಆರೈತಿ ತಾಟಿನಾಗ.
ಬೀಗತಿ ಇನ್ನೊಂದು ಹಾಳಿ ತಿರುವ್ಯಾಳ,
ಸೂರ್ಯಪ್ಪಾ, ನೀನರ ಚೂರು ತಡಿಯೊ.

ನಾನು ನಕ್ಕೆ, ಆಮೇಲೆ ನಾಚಿಕೆಯಾಯಿತು, ಆಮೇಲೆ ನನ್ನೊಳಗಿನ ವಿಮರ್ಶಕಿ ಎದ್ದು ಕೂತಳು. ಇದು ನಿಜವಾದ ಕವಿತೆ, ಇದರಲ್ಲಿ ಚಂದ್ರನಿಲ್ಲ ಎಂದೆ. “ಮೂಡಿರಬೇಕ್ರಿ. ಹಸದ ಕಣ್ಣಿಗೆ ಕಾಣಲಿಲ್ಲ” ಎಂದರು ಪಾಯಪ್ಪನವರು. ಇಬ್ಬರೂ ಎಷ್ಟು ನಕ್ಕೆವೆಂದರೆ ಭಕ್ತಿ ಒಳಗಿನಿಂದ ಓಡಿಬಂದಳು. ಕ್ಷಮೆ ಕೇಳಬೇಕೆಂದು ನಾನು ಕಟ್ಟಿಟ್ಟುಕೊಂಡಿದ್ದ ಉದ್ದನೆಯ ವಾಕ್ಯ ಬೇಕಾಗಲೇ ಇಲ್ಲ. “ನೀವು ನನ್ನ ಚಂದ್ರಗ ಬೈದ್ರಿ, ನಾ ನಿಮ್ಮ ಓದಿಗೆ ಬೈದೆ, ಲೆಕ್ಕ ಚುಕ್ತಾ. ಮುಂದಿನ ಐತವಾರ ಬರ್ತೀವ್ರಿ ಬೀಗತಿ, ಆದರ ಮುಂಜಾನೇನ ಬರ್ತೀವಿ” ಎಂದರು. ಬಂದರು. ಊಟ ಮೊದಲಾಯಿತು, ಲಗ್ನದ ತಾರೀಖು ಆಮೇಲೆ, ಕವಿತೆ ಎಲ್ಲಕ್ಕೂ ಕೊನೆಗೆ, ಅದೂ ಉದ್ದವ್ವನವರ ಅಪ್ಪಣೆ ಪಡೆದು ಒಂದೇ ಒಂದು.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಸಂಕಲನಕ್ಕೆ ಈಗ ಮೂರನೆಯ ಮುನ್ನುಡಿ ಬರೆದಿದ್ದೇನೆ, ಅದರಲ್ಲಿ ‘ಹಸಿವು’ ಕವಿತೆಯ ಬಗ್ಗೆಯೇ ಎರಡು ಪುಟವಿದೆ. ಹಿಂದಿನದನ್ನು ಹಂಚಿದಷ್ಟೇ ಉತ್ಸಾಹದಿಂದ ಇದನ್ನೂ ಹಂಚಿ, ಈ ಸಲ ಕನ್ನಡ ಲಿಪಿಯನ್ನೂ ಜೊತೆಗೊಯ್ದು ನೆಂಟರಿಗೆಲ್ಲ ತಲುಪಿಸಬೇಕು. ಲಗ್ನಪತ್ರಿಕೆ ಹಂಚಲು ನಮಗೆ ಆಳುಗಳ ಕೊರತೆಯಿದೆ, ತಾವು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಆ ಚಿಂತೆಯೂ ತೀರುತ್ತದೆ. ಒಳಗೆ ಬರುವ ಮುನ್ನ ಮಾತ್ರ ಮೂಲೆಯಲ್ಲಿ ಕೂತಿರುವ ಕಾವಲುಗಾರನಿಗೆ ಅರ್ಜಿ ಸಲ್ಲಿಸಬೇಕು. ಅವನಿಗೆ ಕಾವ್ಯದ ಗಂಧವಿಲ್ಲ, ಹೀಗಾಗಿ ಅವನ ಮೇಲೆ ನನಗೆ ಪೂರ್ಣ ಭರವಸೆಯಿದೆ.

ತಮ್ಮನ್ನು ಒಮ್ಮೆ ನಂಬಿ ಸಾಕಾದ,
ತಮ್ಮ ವಿಶ್ವಾಸಿ,
ವಂದನಾ ಜಿನೇಂದ್ರ ಚೌಗಲಾ
ಗೋಕಾಕ

ತಾ.ಕ.: ನನ್ನ ಮೊದಲ ಮುನ್ನುಡಿ, ‘ಹೊಸ ಬೆಳಕು’, ತಾವು ಮುಟ್ಟದೆ ಬಿಟ್ಟಂತೆಯೇ ಕಂಪ್ಯೂಟರಿನಲ್ಲಿ ಭದ್ರವಾಗಿದೆ. ತಾವು ಕೂಡ ಮುಟ್ಟದ ಸುಳ್ಳಿಗೆ ಸಿದ್ರಾಯನ ಕಾವಲುಗಾರನ ಅಗತ್ಯವೂ ಇಲ್ಲ. ಈ ಪತ್ರದೊಂದಿಗೆ ಯಾವ ಕಡತವನ್ನೂ ಲಗತ್ತಿಸಿಲ್ಲ. ನಂಬಿಕೆ ಬಾರದಿದ್ದರೆ ತೆರೆಯಬೇಡಿ, ಮೊದಲು ಫೋನು ಮಾಡಿ. ಹೊತ್ತು ಮುಳುಗುವುದರೊಳಗೆ ಮಾಡಿದರೆ ಉದ್ದವ್ವನವರು ಊಟಕ್ಕೂ ಕರೆದಾರು.