ಅತ್ತಿ ನೀಲಿ, ಸೊಸಿ ನೀಲಿ

ನಮ್ಮ ಕಾಕಾನಿಗೆ ಕಾರಿನ ಹುಚ್ಚು ಎಂದು ಬಳಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಕೇಳದಿದ್ದರೂ ಹೇಳುತ್ತಾರೆ. ಬೇವೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದ ಮನುಷ್ಯ, ಬಾಗಲಕೋಟೆ ನವನಗರದ ಮನೆಯ ಪಡಸಾಲೆಯಲ್ಲಿ ಕುಳಿತು, ಅಂಗೈಯಷ್ಟು ಪ್ಲಾಸ್ಟಿಕ್ ಕಾರುಗಳನ್ನು ಬಿಡಿಬಿಡಿಯಾಗಿ ತರಿಸಿ, ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದರೆ ಜನ ಮತ್ತೇನು ಹೇಳಬೇಕು? ನಮ್ಮ ಅವ್ವನ ಬಳಿ ಇದಕ್ಕೆ ಸಿದ್ಧ ಕಾರಣವೂ ಇದೆ. ಕಾಕಾನಿಗೆ ಹರೆಯದಲ್ಲಿ ಕಾರು ಕೊಳ್ಳುವ ಆಸೆ ಇತ್ತಂತೆ, ಸಂಸಾರದಲ್ಲಿ ಅದು ಆಗಲಿಲ್ಲವಂತೆ, ಆ ಆಸೆ ಈಗ ಸಣ್ಣದಾಗಿ ಹೊರಗೆ ಬಂದಿದೆಯಂತೆ. ಈ ‘ಅಂತೆ’ಗಳನ್ನು ಅವ್ವ ಎಷ್ಟು ಗಂಭೀರವಾಗಿ ಹೇಳುತ್ತಾಳೆಂದರೆ, ಕೇಳಿದವರು ಕಪಾಟಿನ ಕಡೆ ಒಮ್ಮೆ, ಕಾಕಾನ ಕಡೆ ಒಮ್ಮೆ ನೋಡಿ ‘ಪಾಪ’ ಎನ್ನುತ್ತಾರೆ.

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸದಾ ವಿರೋಧದ ಕಡೆ ನಿಂತವಳು. ಎಲ್ಲರೂ ಒಂದೇ ಮಾತು ಹೇಳುತ್ತಿದ್ದರೆ ನನಗೆ ಆ ಮಾತಿನ ಮೇಲೆಯೇ ಅನುಮಾನ. ಆದ್ದರಿಂದ ನನ್ನ ವಾದವನ್ನು ಮೊದಲೇ ಮಂಡಿಸಿಬಿಡುತ್ತೇನೆ: ನಮ್ಮ ಕಾಕಾನಿಗೆ ಕಾರಿನ ಹುಚ್ಚಿಲ್ಲ. ಹುಚ್ಚಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಕಾರಿನದಲ್ಲ!

ಸಾಕ್ಷಿ ಬೇಕೆ? ಕಾಕಾನಿಗೆ ಕಾರು ಹತ್ತಿದರೆ ವಾಂತಿ. ಹುಬ್ಬಳ್ಳಿಯಲ್ಲಿರುವ ಮಗಳ ಮನೆಗೆ ಕಾರಿನಲ್ಲಿ ಹೊರಟರೆ ಕುಳಗೇರಿ ಕ್ರಾಸ್ ಮುಟ್ಟುವುದರೊಳಗೆ ಗಾಡಿ ನಿಲ್ಲಲೇಬೇಕು. ಅಳಿಯ ತನ್ನ ಹಳೆಯ ಕಾರನ್ನು ಇವರಿಗೇ ಇರಲೆಂದು ತಂದು ಬಾಗಿಲ ಮುಂದೆ ನಿಲ್ಲಿಸಿದಾಗ ಕಾಕಾ ಅದರ ಸುತ್ತ ಭಕ್ತಿಯಿಂದ ಪ್ರದಕ್ಷಿಣೆ ಹಾಕಿದರು. ಅಳಿಯನ ಮುಖ ಅರಳಿತು. ಆಮೇಲೆ ಕಾಕಾ ಒಳಗೆ ಹೋಗಿ ಟೇಪು ತಂದು ಚಕ್ರದ ಮೇಲಿನ ಕಮಾನನ್ನು ಅಳೆದರು, ಬಾಗಿಲ ಸಂದನ್ನು ಅಳೆದರು, ಕನ್ನಡಿಯ ಕುತ್ತಿಗೆ ಅಳೆದರು. ‘ಮುಗೀತು, ಒಯ್ಯಪಾ’ ಎಂದರು. ಕಾರಿನ ಆಸೆ ಎದೆಯಲ್ಲಿಟ್ಟುಕೊಂಡ ಮನುಷ್ಯ ಹೀಗೆ ಮಾಡುತ್ತಾನೆಯೇ?

ಕಾರುಗಳ ಹೆಸರೂ ಅವರಿಗೆ ಗೊತ್ತಿಲ್ಲ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಇವರ ಲೆಕ್ಕದಲ್ಲಿ ಉದ್ದ ಮೂತಿಯದು ‘ಡಾಕ್ಟರ ಗಾಡಿ’, ಗಿಡ್ಡದು ‘ಇನ್ಸ್‌ಪೆಕ್ಟರ ಗಾಡಿ’. ಹೊರದೇಶದ ಒಂದು ಪಂದ್ಯದ ಕಾರಿಗೆ, ಅದರ ಎರಡು ದೀಪಗಳು ನಕ್ಕಂತೆ ಕಾಣುತ್ತವೆಂದು, ‘ಲಗ್ನದ ಗಾಡಿ’ ಎಂದು ಹೆಸರಿಟ್ಟರು. ಮತ್ತೆ ಈ ಕಾರುಗಳೆಲ್ಲ ಎಡಗಡೆ ಸ್ಟೇರಿಂಗಿನವು. ಕಾಕಾ ಅದನ್ನು ಒಪ್ಪುವುದಿಲ್ಲ. ಉಗುರು ಕತ್ತರಿಯಲ್ಲಿ ಸ್ಟೇರಿಂಗನ್ನು ಕಿತ್ತು, ಅಂಚು ಉಜ್ಜಿ, ಚಿಮಟದಲ್ಲಿ ಹಿಡಿದು ಬಲಗಡೆ ಕೂರಿಸುತ್ತಾರೆ. ಯಾಕೆಂದು ಕೇಳಿದರೆ, ಎಡಕ್ಕೆ ಕುಂತು ಹುನಗುಂದದ ರಸ್ತೆಯಲ್ಲಿ ಮುಂದಿನ ಲಾರಿ ದಾಟಲು ಹೋದರೆ ಎದುರಿನ ಬಸ್ಸು ಕಂಡೀತೇ ಎಂದು ನನ್ನನ್ನೇ ಕೇಳುತ್ತಾರೆ. ಕಪಾಟಿನಿಂದ ಹುನಗುಂದದ ರಸ್ತೆಗೆ ಆ ಕಾರು ಎಂದು ಇಳಿಯುತ್ತದೆಂಬ ಪ್ರಶ್ನೆ ಅವರಿಗೆ ಹೊಳೆದಿಲ್ಲ.

ಹಾಗಾದರೆ ಹುಚ್ಚು ಯಾವುದರದು? ಬಣ್ಣದ್ದು. ಇಲ್ಲಿಯೇ ವಿಷಯ ಗಂಭೀರವಾಗುವುದು. ಏಕೆಂದರೆ ಕಾಕಾನಿಗೆ ಬಣ್ಣಗುರುಡು.

ಕೆಂಪು ಮತ್ತು ಹಸಿರು ಅವರಿಗೆ ಒಂದೇ, ಎರಡೂ ಸಗಣಿ. ಸಂತೆಯಿಂದ ಟೊಮೆಟೊ ತರಲು ಅವರನ್ನು ಯಾರೂ ಕಳಿಸುವುದಿಲ್ಲ. ಹರೆಯದಲ್ಲಿ ಒಂದು ನೌಕರಿಗೆ ಕಣ್ಣಿನ ಪರೀಕ್ಷೆ ಮಾಡಿದವರು ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ ಒಳಗೆ ಯಾವ ಅಂಕಿ ಇದೆ ಎಂದು ಕೇಳಿದರಂತೆ. ಅಂಕಿಯಲ್ಲಿ ಹುಲಿಯಾದ ನಮ್ಮ ಕಾಕಾ, ‘ಅಂಕಿ ಎಲ್ಲೈತ್ರಿ? ಯಾರೋ ಅವರಿಕಾಳು ಹರವ್ಯಾರ’ ಎಂದು ಎದ್ದು ಬಂದರು.

ಇಂಥವರು ಮೊದಲ ಕಾರಿಗೆ ಕೆಂಪು ಬಳಿಯಲು ಕುಳಿತರು. ಚಹಾ ತಂದ ಅವರ ಹೆಂಡತಿ, ನಮ್ಮ ಕಾಕು, ಹಿಂದೆ ನಿಂತು ಬಹಳ ಹೊತ್ತು ನೋಡಿದಳು. ಕಾಕು ಇಳಕಲ್ಲಿನ ನೇಕಾರರ ಮನೆಯ ಮಗಳು. ಮಗ್ಗದ ಸದ್ದಿನಲ್ಲಿ ಹುಟ್ಟಿ, ಸೀರೆ ಅಂಗಡಿಯ ಗಾದಿಯ ಮೇಲೆ ಬೆಳೆದವಳು. ಮದುವೆಯಾಗಿ ಬಂದ ಮೇಲೆ ಅವಳಿಗೆ ಈ ಮನೆಯಲ್ಲಿ ಉಪ್ಪು ಎಷ್ಟು, ಹಾಲು ಎಷ್ಟು ಎಂಬುದು ಬಿಟ್ಟು ಬೇರೇನನ್ನೂ ಯಾರೂ ಕೇಳಿರಲಿಲ್ಲ. ಮಾತು ಕಡಿಮೆ. ಅಂದು ಅವಳು ಚಹಾ ಕೆಳಗಿಟ್ಟು ಹೇಳಿದಳು:

“ನೋಡ್ರಿ, ಇದು ಕೆಂಪಲ್ಲ. ಪಾಚಿ.”

ಕಾಕಾ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಾಗಾದರೆ ಕೆಂಪು ಯಾವುದು ಎಂದು ಕೇಳಿದರು. ಕಾಕು ತಿರುಗಿ ಕೇಳಿದಳು, ಯಾವ ಕೆಂಪು? ಗಿರಿ ಕುಂಕುಮವೋ, ದಾಳಿಂಬೆಯೋ, ಇಟ್ಟಂಗಿಯೋ? ಕೆಂಪೇ ಕಾಣದ ಮನುಷ್ಯನಿಗೆ ಕೆಂಪಿನಲ್ಲಿ ಇಷ್ಟೊಂದು ಮನೆತನಗಳಿವೆಯೆಂದು ಅಂದು ತಿಳಿಯಿತು. ಕುಂಚವನ್ನು ಕೆಳಗಿಟ್ಟು, ಪಕ್ಕದ ಚಾಪೆಯನ್ನು ಕೈಯಿಂದ ಝಾಡಿಸಿ, ‘ಕುಂದರು’ ಎಂದರು.

ಅಲ್ಲಿಂದ ಅವರಿಬ್ಬರ ಸಂಸಾರದ ಮಾತೆಲ್ಲ ಬಣ್ಣದ್ದೇ ಆಯಿತು. ಕಾಕುವಿನ ಸಕ್ಕರೆ ಕಾಯಿಲೆಯ ಗುಳಿಗೆ ಮುಗಿದ ಮೇಲೆ ಉಳಿಯುವ ಪಟ್ಟಿಯ ಕುಳಿಗಳೇ ಬಣ್ಣ ಕಲಸುವ ಬಟ್ಟಲು. ಕಾಕಾ ಕಡ್ಡಿಯಿಂದ ಹನಿಹನಿಯಾಗಿ ಬೆರೆಸುವುದು, ಕಾಕು ತೀರ್ಪು ಕೊಡುವುದು. ಆ ತೀರ್ಪಿನ ಭಾಷೆ ಅವಳ ತವರಿನ ಅಂಗಡಿಯದು. ಒಂದೇ ಬಣ್ಣ ತಿಳಿಯಾಗಿ ಹೊಳೆಯುತ್ತಿದ್ದರೆ ಅದು ‘ಸೊಸಿ’. ಹೊಸದಾಗಿ ಬಂದ ಸೊಸೆ ಉಡುವಂಥದು. ಅದೇ ಬಣ್ಣ ಗಾಢವಾಗಿ ಮೈ ತುಂಬಿದರೆ ‘ಅತ್ತಿ’, ಅವಳ ಅತ್ತೆ ಉಡುವಂಥದು. ಒಗೆದು ಒಗೆದು ಮಾಸಿದಂತಿದ್ದರೆ ‘ಆಯಿ’, ಅಂದರೆ ಅಜ್ಜಿ. ಹಾಗಾಗಿ ಆ ಪಡಸಾಲೆಯಿಂದ ಹೊರಬೀಳುವ ಮಾತುಗಳನ್ನು ಕೇಳಿ ಪಕ್ಕದ ಮನೆಯವರು ಒಮ್ಮೆ ಅವ್ವನಿಗೆ ಫೋನು ಮಾಡಿದರು. ಅವರ ಕಿವಿಗೆ ಬಿದ್ದದ್ದು ಇಷ್ಟು:

“ಸೊಸಿ ಭಾಳ ಮೆರಿಯಾಕತ್ತಾಳ. ಒಂದ್ ಹನಿ ಕಪ್ಪು ಹಾಕಿ ಅತ್ತಿ ಮಾಡ್ರಿ.”

“ಅತ್ತಿ ಆದಳೇನು?”

“ಆದಳು. ಇನ್ನ ಒಣಗಲಿ, ಮ್ಯಾಲ ಇನ್ನೊಂದು ಕೋಟ್ ಹೊಡೀರಿ.”

ಅತ್ತೆ ಎಂಬುವವರೇ ಇಲ್ಲದ ಮನೆಯಲ್ಲಿ ಯಾರಿಗೆ ಹೊಡೆಯುತ್ತಿದ್ದಾರೆಂದು ನೆರೆಯವರು ಗಾಬರಿಯಾದದ್ದರಲ್ಲಿ ತಪ್ಪೇನಿದೆ? ಇನ್ನು ಒಣಗುವ ಕಾರಿನ ಮೇಲೆ ಧೂಳು ಕೂಡಬಾರದೆಂದು ಕಾಕಾ ರೊಟ್ಟಿ ಬುಟ್ಟಿಯನ್ನು ಬೋರಲು ಮುಚ್ಚಿಡುತ್ತಾರೆ. ಊಟಕ್ಕೆ ಬಂದ ನಮ್ಮ ಅಪ್ಪ ಒಂದು ಸಲ ಸಲುಗೆಯಿಂದ ಬುಟ್ಟಿ ಎತ್ತಿ ಕೈ ಹಾಕಿದ. ರೊಟ್ಟಿ ಸಿಗಲಿಲ್ಲ. ಅಪ್ಪನ ಹೆಬ್ಬೆಟ್ಟಿನ ಗುರುತು ಇಂದಿಗೂ ಡಾಕ್ಟರ ಗಾಡಿಯ ಟಾಪಿನ ಮೇಲಿದೆ.

ಕಾರಿನ ತಳಕ್ಕೆ ಮೆತ್ತಿದ ಕೆಸರು, ಧೂಳು ಕೂಡ ಕಾಕಾನಿಗೆ ಬೇಕು. ಬಾದಾಮಿಯ ಕೆಂಪು ಮಣ್ಣಿನ ಬಣ್ಣವನ್ನು ಕಲಸಲು ಇಬ್ಬರೂ ಎಷ್ಟು ಹೆಣಗಿದರೂ ಕಾಕು ಒಪ್ಪಲಿಲ್ಲ. ಕಡೆಗೆ ಆ ಮಣ್ಣನ್ನೇ ತರುವುದೆಂದು ತೀರ್ಮಾನವಾಯಿತು. ಮೂವರೂ ಬಸ್ಸಿನಲ್ಲಿ ಹೋದೆವು. ಗುಹೆಗಳ ಕೆಳಗೆ ಪ್ರವಾಸಿಗರ ಗಾಡಿ ನಿಲ್ಲುವಲ್ಲಿ ಮಣ್ಣು ಎಲ್ಲ ಕಡೆ ಬಿದ್ದಿತ್ತು. ಆದರೆ ಕಾಕಾನಿಗೆ ಬೇಕಾದದ್ದು ಗಾಲಿಗೆ ಮೆತ್ತಿದ ಮಣ್ಣೇ. ಒಂದು ಬಾಡಿಗೆ ಕಾರಿನ ಮುಂದೆ ಮೊಣಕಾಲೂರಿ, ಚಮಚದಿಂದ ಕೆರೆದು ಔಷಧದ ಬಾಟಲಿಗೆ ತುಂಬತೊಡಗಿದರು. ಡ್ರೈವರ್ ಓಡಿ ಬಂದ.

“ಏನ್ ಅಜ್ಜಾರ, ಮಾಟಾ ಮಾಡಾಕತ್ತೀರೇನು?”

“ಇಲ್ಲಪಾ, ನಮ್ಮ ಕಾರಿಗೆ ಹಚ್ಚಾಕ ಬೇಕಾಗಿತ್ತು.”

“ನಿಮ್ಮ ಕಾರ್ ಎಲ್ಲೈತ್ರಿ?”

“ಕಪಾಟಿನ್ಯಾಗ.”

ಡ್ರೈವರ್ ಗಾಡಿಯನ್ನು ದೂರ ಒಯ್ದು ನಿಲ್ಲಿಸಿದ. ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಟ್ಟೆಯ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಕಾಕಾ ಬಾಟಲಿಯ ಮುಚ್ಚಳ ತಿರುಗಿಸುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದರು. ಪಾಪ, ಹೆಂಡತಿಯನ್ನೂ ಹುಚ್ಚಿಗೆ ಎಳೆದುಕೊಂಡರು ಎಂದು ಬಳಗದವರು ಹೇಳುತ್ತಾರಲ್ಲ, ಅದನ್ನೂ ನಾನು ಇಲ್ಲಿಯೇ ಅಲ್ಲಗಳೆಯುತ್ತೇನೆ.

ಇಷ್ಟರವರೆಗೆ ನನ್ನ ವಾದ ಗೆದ್ದಿದೆ ಎಂದುಕೊಂಡಿದ್ದೆ. ತೊಡಕಾದದ್ದು ಈ ಬೇಸಿಗೆಯಲ್ಲಿ.

ಕಾಕು ಚಹಾ ಬಸಿಯುವಾಗ ಕಪ್ಪು ತುಂಬಿದ್ದು ಗೊತ್ತಾಗದೆ ತಟ್ಟೆಗೂ ಸುರಿಯತೊಡಗಿದಳು. ಬಾಗಿಲ ಚಿಲಕಕ್ಕೆ ಕೈಯಾಡಿಸಿ ಹುಡುಕುತ್ತಿದ್ದಳು. ಅವ್ವ ಅದನ್ನು ಕಂಡು, ಸಕ್ಕರೆ ಕಾಯಿಲೆ ಇದ್ದವರು ಕಣ್ಣಿನ ವಿಷಯದಲ್ಲಿ ಸುಮ್ಮನಿರಬಾರದು, ದವಾಖಾನೆಗೆ ತೋರಿಸು ಎಂದು ಗಂಟುಬಿದ್ದಳು. ಕಾಕು ಕಪಾಟಿನ ಬಾಗಿಲು ತೆರೆದು ತೋರಿಸಿದಳು.

“ನನ್ನ ಕಣ್ಣಿಗೇನಾಗೇತಿ ಅಕ್ಕಾ? ಇವಕ್ಕೆಲ್ಲ ಬಣ್ಣ ಹೇಳಿದಾಕಿ ಯಾರು?”

ಅಂತೂ ದವಾಖಾನೆಗೆ ಹೋಗಲಿಲ್ಲ. ಕಾಕು ಹೆದರುವುದು ಸೂಜಿಗೂ ಅಲ್ಲ, ಕತ್ತರಿಗೂ ಅಲ್ಲವೆಂದು ನನಗೆ ಗೊತ್ತಿತ್ತು. ಒಮ್ಮೆ ನನಗೊಬ್ಬಳಿಗೇ ಹೇಳಿದ್ದಳು. ಅವಳ ಅಪ್ಪನಿಗೆ ಕಣ್ಣು ಮಂಜಾದಾಗ ಮಗ್ಗ ಬಿಡಿಸಿದರಂತೆ. ಅದಕ್ಕೆ ಅವರು ನೊಂದುಕೊಳ್ಳಲಿಲ್ಲ. ಆದರೆ ದವಾಖಾನೆಗೆ ಹೋಗಿ ಬಂದ ಮೇಲೆ ಮನೆಯಲ್ಲಿ ಯಾರೂ ಅವರನ್ನು ನೂಲಿನ ಬಣ್ಣ ಕೇಳಲಿಲ್ಲ. ಕಾಣುವಷ್ಟು ಕಾಣುತ್ತಿತ್ತು, ಆದರೂ ಕೇಳಲಿಲ್ಲ. ಅಂಗಳದಲ್ಲಿ ಕುಳಿತು, ಕೈಗೆ ಸಿಕ್ಕ ಎಳೆಯನ್ನು ಬಿಸಿಲಿಗೆ ಹಿಡಿದು, ಯಾರೂ ಕೇಳದ ಬಣ್ಣದ ಹೆಸರನ್ನು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರಂತೆ.

ಆ ದಿನಗಳಲ್ಲೇ ಹೊಸದೊಂದು ಉದ್ದ ಮೂತಿಯ ಕಾರಿಗೆ ನವಿಲಿನ ಕುತ್ತಿಗೆಯ ನೀಲಿ ಹಚ್ಚುವುದೆಂದು ಕಾಕು ನಿರ್ಧರಿಸಿದಳು. ನಾನು ಅಲ್ಲೇ ಕುಳಿತಿದ್ದೆ. ಕಾಕಾ ಕಲಸಿದ ಮೊದಲ ಕುಳಿಯೇ ನನ್ನ ಕಣ್ಣಿಗೆ ಸರಿಯಾದ ನವಿಲು. ಕಾಕು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹತ್ತಿರ ತಂದು, ದೂರ ಒಯ್ದು, ತಲೆಯಾಡಿಸಿದಳು.

“ಅತ್ತಿ ಆಗೇತಿ. ಸೊಸಿ ಮಾಡ್ರಿ.”

ಕಾಕಾ ಬಿಳಿ ಬೆರೆಸಿದರು. ಇನ್ನೂ ಅತ್ತಿಯೇ ಎಂದಳು. ಮತ್ತೆ ಬೆರೆಸಿದರು. ಇನ್ನೂ ಕತ್ತಲಿದೆ ಎಂದಳು. ಒಂದಾದ ಮೇಲೊಂದು ಕುಳಿ ತುಂಬುತ್ತ ಹೋಯಿತು. ಕಡೆಗೆ ಕಾಕು ಮುಖವರಳಿಸಿ “ಈಗ ನವಿಲಾತು” ಎಂದಾಗ ಅದು ಅಂಗಡಿಯಲ್ಲಿ ನೇತುಹಾಕುವ ಪ್ಲಾಸ್ಟಿಕ್ ಬಕೀಟಿನ ನೀಲಿಯಾಗಿತ್ತು. ನಾನು ಬಾಯಿ ತೆರೆದೆ. ಕಾಕಾ ನನ್ನ ಕಡೆ ನೋಡದೆಯೇ ಕುಂಚ ಅದ್ದಿ ಬಳಿಯತೊಡಗಿದರು.

ಬಣ್ಣ ಒಣಗುವಷ್ಟರಲ್ಲಿ ಇಳಕಲ್ಲಿನಿಂದ ಕಾಕುವಿನ ಅಣ್ಣ ಬಂದರು. ಈಗ ಆ ಸೀರೆ ಅಂಗಡಿ ನಡೆಸುವವರು ಅವರೇ. ಕಾರನ್ನು ಕೈಯಲ್ಲಿ ಹಿಡಿದು, ಇದು ಯಾವ ಬಣ್ಣವೆಂದು ಕೇಳಿದರು. ಕಾಕು ಹೆಮ್ಮೆಯಿಂದ ನವಿಲು ಎಂದಳು. ಅಣ್ಣ ಜೋರಾಗಿ ನಕ್ಕು, ಯಾರು ಹೇಳಿದ್ದು ಇದನ್ನು ನವಿಲೆಂದು ಎಂದರು. ಕಾಕುವಿನ ಮುಖ ಇಳಿದುಹೋಯಿತು. ಆಗ ಕಾಕಾ ಹೇಳಿದರು:

“ಆಕಿ ಖರೇನ ಹೇಳಿದ್ಲು ಮಾವಾರ. ನಾನ ತಪ್ಪು ಕಲಸಿದೆ. ನನಗ ಬಣ್ಣ ಎಲ್ಲಿ ಕಾಣ್ತಾವು?”

ಎಲ್ಲರೂ ನಕ್ಕರು. ಕಾಕುವೂ ನಕ್ಕು, ಇವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ ಎಂದಳು. ಅಣ್ಣನೂ ನಂಬಿದರು. ಬಣ್ಣ ಕಾಣದವನು ಬಣ್ಣ ತಪ್ಪಿದರೆ ಯಾರು ಅನುಮಾನಿಸುತ್ತಾರೆ?

ನಾನು ಅನುಮಾನಿಸಿದೆ. ಅವ್ವನ ಜೊತೆ ವಾದಕ್ಕಿಳಿಯುವ ಮುಂಚೆ ಈ ಬಣ್ಣಗುರುಡಿನ ಬಗ್ಗೆ ಓದಿಕೊಂಡಿದ್ದೆ. ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದವರಿಗೂ ನೀಲಿ ಸಾಮಾನ್ಯವಾಗಿ ನಮಗೆ ಕಂಡಂತೆಯೇ ಕಾಣುತ್ತದೆ. ಶಾಲೆಯಲ್ಲಿ ಉತ್ತರಪತ್ರಿಕೆಗಳನ್ನು ಎಲ್ಲರೂ ಕೆಂಪು ಶಾಯಿಯಲ್ಲಿ ತಿದ್ದಿದರೆ ಕಾಕಾ ನೀಲಿ ಪೆನ್ಸಿಲಿನಲ್ಲಿ ತಿದ್ದುತ್ತಿದ್ದರು ಎಂದು ಅಪ್ಪನೂ ಹೇಳಿದ. ಹಾಗಾದರೆ ಆ ಗುಳಿಗೆ ಪಟ್ಟಿಯಲ್ಲಿ ನವಿಲು ಒಂದೊಂದೇ ಕುಳಿ ದಾಟಿ ಬಕೀಟಾಗುವುದನ್ನು ಕಾಕಾ ಪೂರ್ತಿ ನೋಡಿದ್ದಾರೆ. ನೋಡಿ, ಬೆರೆಸಿದ್ದಾರೆ. ಕಾಕು ತನ್ನ ಕಣ್ಣು ಚೆನ್ನಾಗಿದೆ ಎಂಬುದಕ್ಕೆ ಕಪಾಟಿನ ಸಾಕ್ಷಿ ಕೊಡುತ್ತಾಳೆ. ಆ ಸಾಕ್ಷಿಯನ್ನು ಇವರೇ ತಮ್ಮ ಕೈಯಾರೆ ಸೃಷ್ಟಿಸುತ್ತಿದ್ದಾರೆ. ಇದು ಪ್ರೀತಿ ಎಂದು ನಾನು ಅರ್ಧ ಗಂಟೆ ವಾದಿಸಬಲ್ಲೆ. ಸಕ್ಕರೆ ಕಾಯಿಲೆಯ ಕಣ್ಣು ಕಾಯುತ್ತ ಕೂಡುವುದಿಲ್ಲ, ಆದ್ದರಿಂದ ಇದು ಹೇಡಿತನ ಎಂದೂ ಅಷ್ಟೇ ಹೊತ್ತು ವಾದಿಸಬಲ್ಲೆ. ಜೀವಮಾನದಲ್ಲಿ ಮೊದಲ ಸಲ ಯಾವ ಕಡೆ ನಿಲ್ಲಬೇಕೆಂದು ನನಗೆ ತಿಳಿಯಲಿಲ್ಲ.

ಅಣ್ಣ ಊರಿಗೆ ಹೋದ ಮಧ್ಯಾಹ್ನ ಪಡಸಾಲೆಯಲ್ಲಿ ನಾವಿಬ್ಬರೇ. ಕಾಕು ಒಳಗೆ ಜೋಳ ಹಸನು ಮಾಡುತ್ತಿದ್ದಳು; ಮೊರದ ಸದ್ದು ಕೇಳುತ್ತಿತ್ತು. ಕಾಕಾ ಇನ್ನೊಂದು ಕಾರಿನ ಬಾನೆಟ್ಟನ್ನು ಪಾಲಿಶ್ ಪೇಪರಿನಿಂದ ಉಜ್ಜುತ್ತ, ಇದಕ್ಕೆ ಯಾವ ಬಣ್ಣವೆಂದು ಒಳಗೆ ಕೂಗಿ ಕೇಳಿದರು. ಮೊರದ ಸದ್ದು ನಿಂತಿತು. ಯೋಚನೆ ಮಾಡಿ ಹೇಳುತ್ತೇನೆ, ಅವಸರ ಮಾಡಬೇಡಿರೆಂದು ಕಾಕು ಉತ್ತರಿಸಿದಳು. ಆ ದನಿಯಲ್ಲಿ ಎಂಥ ಹಿಗ್ಗಿತ್ತು!

ನಾನು ಚಾಪೆಯ ಮೇಲೆ ಹತ್ತಿರ ಸರಿದು ಕುಳಿತು, ಒಳಗೆ ಕೇಳದಂತೆ ದನಿ ತಗ್ಗಿಸಿದೆ.

“ಕಾಕಾ, ಕೆಂಪು ಹಸರು ನಿಮಗ ಕಾಣಂಗಿಲ್ಲ, ಒಪ್ಪಿದೆ. ಆದರ ಅವತ್ತು ಕಾಕು ‘ಈಗ ನವಿಲಾತು’ ಅಂದಾಗ, ನಿಮಗೇನು ಕಾಣಿಸ್ತು?”