ಉಪ್ಪುಬಂಡೆಯ ಡೈನೋಸಾರ್

ಹೊಳಲ್ಕೆರೆ ತಾಲ್ಲೂಕು ತಾಳ್ಯ ಹೋಬಳಿಯ ಉಪ್ಪುಬಂಡೆಯ ಮೇಲೆ ಬಹಳ ಹಿಂದೆ ಡೈನೋಸಾರ್ ನಡೆದಾಡಿತ್ತು. ಇದು ಕಳೆದ ಯುಗಾದಿಯಿಂದ ಜಾರಿಗೆ ಬಂದಿದೆ.

ಅದಕ್ಕೂ ಮೊದಲು ಅಲ್ಲಿ ಕುರಿಗಳು ಉಪ್ಪು ನೆಕ್ಕುತ್ತಿದ್ದವು. ಪ್ರತಿ ಅಮಾವಾಸ್ಯೆ ಪಾಲಣ್ಣ ತನ್ನ ಮಂದೆಯನ್ನು ಬಂಡೆಗೆ ಹತ್ತಿಸಿ, ಕುಳಿಗಳಿಗೆ ಹರಳುಪ್ಪು ಸುರಿದು, ಬೀಡಿ ಹಚ್ಚಿ ಕೂರುತ್ತಿದ್ದ. ಕುಳಿಗಳನ್ನು ಕೊರೆದವನು ಅವನ ತಾತ. ಒಂದೊಂದು ಕುಳಿಗೂ ಮೂರು ಸೀಳು. ಸೀಳುಗಳು ಹಿಂದೆ ಒಂದೆಡೆ ಕೂಡಿ, ಮುಂದೆ ಅಗಲವಾಗಿ ಚಾಚಿದ್ದವು. ಮೂರು ಕುರಿ ಒಟ್ಟಿಗೆ ಬಾಯಿ ಹಾಕಿದರೂ ತಲೆಗೆ ತಲೆ ತಾಗಬಾರದೆಂದು ತಾತ ಹಾಗೆ ಮಾಡಿದ್ದ. ಒಂದು ಕುಳಿ ಮಾತ್ರ ಸೊಟ್ಟ. ಅದನ್ನು ಪಾಲಣ್ಣ ಹರೆಯದಲ್ಲಿ ಕೊರೆದದ್ದು. ಉಳಿ ಜಾರಿತ್ತು.

ಹೆಜ್ಜೆಗುರುತು ಅಭಿವೃದ್ಧಿ ಪ್ರಾಧಿಕಾರ ಎಂಬುದೊಂದು ಚಿತ್ರದುರ್ಗದಲ್ಲಿತ್ತು. ಅದಕ್ಕೆ ಕಚೇರಿ ಇತ್ತು, ಜೀಪಿತ್ತು, ರಾಜಶೇಖರ್ ಎಂಬ ಮುಖ್ಯಾಧಿಕಾರಿ ಇದ್ದರು. ಹೆಜ್ಜೆಗುರುತು ಇರಲಿಲ್ಲ. ವರ್ಷದ ಕೊನೆ. ಖರ್ಚಾಗದ ಅನುದಾನ ವಾಪಸ್ಸು ಹೋಗುವುದರಲ್ಲಿತ್ತು. ಅಂಥ ಹೊತ್ತಿನಲ್ಲಿ ಜೀಪು ತಾಳ್ಯದ ಹತ್ತಿರ ಪಂಕ್ಚರ್ ಆಯಿತು. ರಾಜಶೇಖರ್ ಮೂತ್ರಕ್ಕೆಂದು ಬಂಡೆ ಹತ್ತಿದರು. ಮೂರು ಬೆರಳಿನಂಥ ಕುಳಿಗಳನ್ನು ಕಂಡು, ಹೋದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಓಡಿಬಂದರು.

ನಿಯಮದಂತೆ ಬೆಂಗಳೂರಿನಿಂದ ಭೂವಿಜ್ಞಾನಿಯೊಬ್ಬರನ್ನು ಕರೆಸಲಾಯಿತು. ಅವರು ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, "ಈ ಬಂಡೆ ಗಟ್ಟಿಯಾದಾಗ ಭೂಮಿಯ ಮೇಲೆ ಒಂದು ಹುಳವೂ ಹರಿದಾಡುತ್ತಿರಲಿಲ್ಲ. ಡೈನೋಸಾರ್ ಬಂದದ್ದು ಎಷ್ಟೋ ಕೋಟಿ ವರ್ಷಗಳ ಆಮೇಲೆ" ಎಂದರು.

ಪ್ರಾಧಿಕಾರ ಈ ಅಭಿಪ್ರಾಯವನ್ನು ಗಂಭೀರವಾಗಿ ಪರಿಗಣಿಸಿತು. ಭೂವಿಜ್ಞಾನಿಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿ, ಶಾಲು ಹೊದಿಸಿ, ರೈಲು ಹತ್ತಿಸಿತು. ಬಂಡೆಯ ಬುಡದಲ್ಲಿ ಫಲಕ ನಿಲ್ಲಿಸಿತು: "ಜಗತ್ತಿನ ಅತಿ ಪುರಾತನ ಡೈನೋಸಾರ್. ಜೀವಿಗಳು ಹುಟ್ಟುವುದಕ್ಕೂ ಮೊದಲೇ ಇಲ್ಲಿ ನಡೆದದ್ದು."

ಸುತ್ತ ತಂತಿಬೇಲಿ ಬಂತು. ಗೇಟು ಬಂತು. ಗೇಟಿನ ಪಕ್ಕ ಡೈನೋಸಾರ್ ಪ್ರತಿಮೆ ಬಂತು. ಪ್ರತಿಮೆ ಮಾಡುವವನ ಬಳಿ ಹೋರಿಯ ಅಚ್ಚು ಮಾತ್ರ ಇತ್ತು. ಹೀಗಾಗಿ ಡೈನೋಸಾರಿಗೆ ಹೆಗಲ ಮೇಲೆ ಹಿಣಿಲು ಇತ್ತು, ಕೊರಳಲ್ಲಿ ಗೆಜ್ಜೆಸರ ಇತ್ತು. ಪ್ರಾಧಿಕಾರ ಇದನ್ನು ಸ್ಥಳೀಯ ತಳಿ ಎಂದು ಘೋಷಿಸಿತು.

ಗೇಟಿಗೆ ಸೂಚನೆ ತೂಗುಬಿತ್ತು: "ಮಾರ್ಗದರ್ಶಿ ಇಲ್ಲದೆ ಪ್ರವೇಶವಿಲ್ಲ. ತಿನಿಸು ತರಬಾರದು. ಹೆಜ್ಜೆಯೊಳಗೆ ಹೆಜ್ಜೆ ಇಡಬಾರದು. ಡೈನೋಸಾರ್ ಮರಳಿ ಬಂದಲ್ಲಿ ಪ್ರಾಧಿಕಾರ ಜವಾಬ್ದಾರಿಯಲ್ಲ."

ಉದ್ಘಾಟನೆಯ ದಿನ ಜನ ಕಿಕ್ಕಿರಿದಿದ್ದರು. ಪಲಾವ್ ಇತ್ತು. ಮರುದಿನ ಪಲಾವ್ ಇರಲಿಲ್ಲ.

ಅಮಾವಾಸ್ಯೆ ಬಂತು. ಪಾಲಣ್ಣ ಹೆಗಲಿಗೆ ಉಪ್ಪಿನ ಚೀಲ ಹಾಕಿಕೊಂಡು ಮಂದೆ ಹೊಡೆದುಕೊಂಡು ಬಂದ. ಗೇಟಿನಲ್ಲಿ ಉಷಾರಾಣಿ ಕೂತಿದ್ದಳು. ಹೊಸದುರ್ಗದ ಹುಡುಗಿ. ಟಿಕೆಟ್ ಕೊಡುವವಳು, ಬೀಗ ಹಾಕುವವಳು, ಮಾರ್ಗದರ್ಶಿ, ಎಲ್ಲ ಅವಳೇ.

"ಬಾಗ್ಲು ತೆಗಿಯವ್ವ" ಎಂದ ಪಾಲಣ್ಣ.

"ಕುರಿ ಬಿಡಂಗಿಲ್ಲ ಮಾವ. ಒಳಗೆ ಡೈನೋಸಾರ್ ಹೆಜ್ಜೆ ಅವೆ."

"ಅವು ಹೆಜ್ಜೆ ಅಲ್ಲ ತಾಯಿ. ಉಪ್ಪಿನ ಕುಳಿ. ನಮ್ಮ ತಾತ ಹೊಡೆದಿದ್ದು."

"ಅದೆಲ್ಲ ಸಾಹೇಬ್ರನ್ನ ಕೇಳ್ರಿ. ನಂಗೆ ಹೇಳ್ಕೊಟ್ಟಿರೋದರಲ್ಲಿ ನಿಮ್ಮ ತಾತ ಇಲ್ಲ."

ಪಾಲಣ್ಣ ಮಂದೆ ತಿರುಗಿಸಿದ. ಕುರಿಗಳು ತಿರುಗಲಿಲ್ಲ. ದೊಡ್ಡ ಟಗರು ಗೇಟಿನ ಕಂಬ ನೆಕ್ಕುತ್ತ ನಿಂತಿತು. ಕಿವಿ ಹಿಡಿದು ಎಳೆದುಕೊಂಡು ಹೋಗಬೇಕಾಯಿತು.

ಮನೆಯಲ್ಲಿ ಹೆಂಡತಿ ಮುದ್ದಕ್ಕ ಉಪ್ಪನ್ನು ತಗಡಿನ ತಟ್ಟೆಯಲ್ಲಿಟ್ಟಳು. ಕುರಿಗಳು ಮೂಸಿ ಮುಖ ತಿರುವಿದವು. ಬಾನಿಯಲ್ಲಿಟ್ಟಳು. ಅದರೊಳಗೆ ಹಿಕ್ಕೆ ಹಾಕಿದವು. ಹುಟ್ಟಿದಾಗಿನಿಂದ ಬಂಡೆಯ ಮೇಲೆ ನೆಕ್ಕಿದ ನಾಲಿಗೆ ಬೇರೆ ಕಡೆ ಒಪ್ಪಲಿಲ್ಲ. ಇನ್ನೊಂದು ಅಮಾವಾಸ್ಯೆಯೂ ಹೋಯಿತು. ಕುರಿಗಳು ಗೋಡೆ ನೆಕ್ಕಿದವು. ಒಂದರ ಉಣ್ಣೆ ಒಂದು ಕಿತ್ತು ತಿಂದವು. ಪಾಲಣ್ಣ ಮಧ್ಯಾಹ್ನ ಮಲಗಿದ್ದಾಗ ಅವನ ಬೆನ್ನಿನ ಬೆವರು ನೆಕ್ಕಿ, ಜತೆಗೆ ಬನಿಯನ್ನನ್ನೂ ತಿಂದವು. ಮಳೆ ಹತ್ತಿರದಲ್ಲಿತ್ತು. ಉಪ್ಪು ತಿನ್ನದ ಕುರಿ ಹೊಸ ಹುಲ್ಲಿಗೆ ಬಾಯಿ ಹಾಕಿದರೆ ಹೊಟ್ಟೆ ಉಬ್ಬರಿಸಿ ಸಾಯುತ್ತದೆ. ಪಾಲಣ್ಣನಿಗೆ ಅದೊಂದೇ ಚಿಂತೆ.

ಅವನು ಮತ್ತೆ ಗೇಟಿಗೆ ಬಂದ. ಈ ಸಲ ಒಬ್ಬನೇ.

"ಸಾಹೇಬ್ರನ್ನ ನೋಡ್ಬೇಕು."

"ಸಾಹೇಬ್ರು ಒಳಗವ್ರೆ. ಆದ್ರೆ ಒಳಗೆ ಹೋಗ್ಬೇಕಂದ್ರೆ ಟೂರು ತಗಾಬೇಕು ಮಾವ."

ಪಾಲಣ್ಣ ಟೂರು ತಗೊಂಡ. ಉಷಾರಾಣಿ ಮೈಕು ಬಾಯಿಗಿಟ್ಟು, "ಸನ್ಮಾನ್ಯ ಪ್ರವಾಸಿಗರೇ, ಮಹಿಳೆಯರೇ ಹಾಗೂ ಮಹನೀಯರೇ" ಎಂದಳು. ಪಾಲಣ್ಣ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

"ಯಾರ್ಗವ್ವ ಹೇಳ್ತಿರಾದು?"

"ನಿಮಗೇ. ನಡೀರಿ."

ಅವಳು ಮೊದಲ ಕುಳಿಯ ಮುಂದೆ ನಿಂತಳು. "ತಾವು ಈಗ ನೋಡುತ್ತಿರುವುದು ತಾಯಿ ಡೈನೋಸಾರಿನ ಬಲಗಾಲು. ಮೂರು ಬೆರಳುಗಳನ್ನು ಗಮನಿಸಿ."

"ಇದು ಟಗರಿಗೆ, ಇದು ಕುರಿಗೆ, ಇದು ಮರಿಗೆ" ಎಂದ ಪಾಲಣ್ಣ.

"ದಯವಿಟ್ಟು ಪ್ರಶ್ನೆಗಳನ್ನು ಕೊನೆಯಲ್ಲಿ ಕೇಳಿ" ಎಂದು ಉಷಾರಾಣಿ ಮೈಕಿನಲ್ಲೇ ಹೇಳಿದಳು.

"ಈ ಬಂಡೆ ಉಪ್ಪಾಗಿರುವುದೇಕೆ? ಬಿಸಿಲಿನಲ್ಲಿ ಹಿರಿಯೂರಿನ ಕಡೆಯಿಂದ ನಡೆದು ಬಂದ ಡೈನೋಸಾರ್ ಇಲ್ಲಿ ಬಹಳವಾಗಿ ಬೆವರಿತು. ಆ ಬೆವರೇ ಈ ಉಪ್ಪು. ಆದ್ದರಿಂದಲೇ ಇದಕ್ಕೆ ಉಪ್ಪುಬಂಡೆ ಎಂದು ಹೆಸರು."

ಸೊಟ್ಟ ಕುಳಿಯ ಹತ್ತಿರ ಬಂದರು. ಉಷಾರಾಣಿಯ ದನಿ ಮೆತ್ತಗಾಯಿತು. "ಇದು ಮರಿ ಡೈನೋಸಾರ್. ಹುಟ್ಟು ಕುಂಟ. ತಾಯಿಯ ಹಿಂದೆ ಕಾಲೆಳೆದುಕೊಂಡು ಬರುತ್ತಿತ್ತು. ಇಲ್ಲಿ ಒಂದು ನಿಮಿಷ ಮೌನ ಆಚರಿಸೋಣ."

ಪಾಲಣ್ಣ ತಲೆಯ ಟವೆಲ್ ತೆಗೆದು ನಿಂತ. ತಾನು ಕೊರೆದ ಕುಳಿಗೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ. ತಾತ ಅದನ್ನು ನೋಡಿ ಕಪಾಳಕ್ಕೆ ಹೊಡೆದಿದ್ದ.

ರಾಜಶೇಖರ್ ಪ್ರತಿಮೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಪಾಲಣ್ಣ ಇದ್ದದ್ದು ಇದ್ದ ಹಾಗೆ ಹೇಳಿದ.

"ಕೊರೆದಿದ್ದು ನಿಮ್ಮ ತಾತನಾ?"

"ಹೂಂ ಸ್ವಾಮಿ."

"ಟೆಂಡರ್ ಆಗಿತ್ತಾ?"

"ಇಲ್ಲ."

"ಕಾಮಗಾರಿ ಆದೇಶ?"

"ಇಲ್ಲ."

"ಹಂಗಾರೆ ಕೊರೆದಿಲ್ಲ, ಯಜಮಾನ್ರೇ. ಸರ್ಕಾರಿ ಬಂಡೆ ಮೇಲೆ ಟೆಂಡರ್ ಇಲ್ದೆ ಕೆಲ್ಸ ಆಗಿದ್ರೆ ಅದು ಅಪರಾಧ. ಡೈನೋಸಾರ್ ಮಾಡಿದ್ರೆ ನೈಸರ್ಗಿಕ. ನಿಮ್ಮ ತಾತನ ಮೇಲೆ ಕೇಸ್ ಹಾಕ್ಲಾ, ಡೈನೋಸಾರ್ ಅನ್ಲಾ? ನೀವೇ ಹೇಳ್ರಿ."

ಪಾಲಣ್ಣ ಯೋಚಿಸಿದ. "ಡೈನೋಸಾರೇ ಅನ್ರಿ" ಎಂದ. ತಾತ ಸತ್ತಿದ್ದರೂ ಅವನ ಮಾನ ಉಳಿಯಬೇಕಲ್ಲ.

"ಆದ್ರೆ ಕುರಿಗೆ ಉಪ್ಪು?"

ರಾಜಶೇಖರ್ ಮುಖ ಒರೆಸಿಕೊಂಡರು. "ಕುರಿ ಬಿಡ್ರಿ. ನಂದೇ ಹೋಗ್ತೈತೆ. ಬರೋ ಅಮಾಸೆಗೆ ತಪಾಸಣಾ ಸಮಿತಿ ಬರ್ತೈತೆ. ಪ್ರವಾಸಿಗರು ಇಲ್ಲಾಂದ್ರೆ ಪಾರ್ಕು ಮುಚ್ತಾರೆ. ಬೀದರಿಗೆ ಎತ್ತಾಕ್ತಾರೆ ನನ್ನ. ಈ ತಿಂಗಳಲ್ಲಿ ಟೂರು ತಗೊಂಡೋರು ನೀವೊಬ್ರೇ."

ಪಾಲಣ್ಣ ಮನೆಗೆ ಬಂದು ಹೆಂಡತಿಗೆ ಹೇಳಿದ. ಮುದ್ದಕ್ಕ ರೊಟ್ಟಿ ತಟ್ಟುತ್ತ ಕೇಳಿಸಿಕೊಂಡಳು.

"ಟೂರು ತಗೊಂಡೋರ್ನ ಒಳಗೆ ಬಿಡ್ತಾರೆ ಅಂದೆ?"

"ಹೂಂ."

"ಹಂಗಾರೆ ಕುರಿಗೂ ಟೂರು ತಗಾ. ನಿನಗೆ ಅರ್ಥ ಆಗಿದ್ದಷ್ಟು ಅವಕ್ಕೂ ಆಗ್ತೈತೆ."

ಪಾಲಣ್ಣ ಇದನ್ನು ಹೋಗಿ ಒಪ್ಪಿಸಿದ. ರಾಜಶೇಖರ್ ನಗಲಿಲ್ಲ. ನಿಯಮಾವಳಿ ತರಿಸಿ ಓದಿದರು. "ಪ್ರವಾಸಿ ಎಂದರೆ ಗೇಟಿನ ಮೂಲಕ ಪ್ರವೇಶಿಸಿ, ಮಾರ್ಗದರ್ಶಿಯ ವಿವರಣೆಯನ್ನು ಪೂರ್ತಿ ಕೇಳಿ, ಗೇಟಿನ ಮೂಲಕವೇ ನಿರ್ಗಮಿಸುವವರು" ಎಂದಿತ್ತು. ಕಾಲೆಷ್ಟು ಇರಬೇಕು ಎಂದು ಎಲ್ಲಿಯೂ ಇರಲಿಲ್ಲ.

"ಬರ್ಲಿ. ಆದ್ರೆ ತಿನಿಸು ತರಂಗಿಲ್ಲ. ಉಪ್ಪು ತಿನಿಸು."

"ಉಪ್ಪಿಲ್ದೆ ಏನ್ ಮಾಡಾಕೆ ಸ್ವಾಮಿ ಬರಾದು?"

"ಡೈನೋಸಾರ್ ನೋಡಾಕೆ" ಎಂದರು ರಾಜಶೇಖರ್.

ಪಾಲಣ್ಣನಿಗೆ ಬೇರೆ ದಾರಿ ಇರಲಿಲ್ಲ. ಹಳೆಯ ಉಪ್ಪು ಕಲ್ಲಿನ ಸಂದಿನಲ್ಲಿ ಒಂದಿಷ್ಟಾದರೂ ಉಳಿದಿರಬಹುದು ಎಂಬ ಆಸೆಯಿಂದ ಒಪ್ಪಿದ.

ಅಮಾವಾಸ್ಯೆಯ ಬೆಳಗ್ಗೆ ಸಮಿತಿ ಬಂತು. ಅಧ್ಯಕ್ಷರಾದ ಗಂಗಾಧರಪ್ಪ ಅಡಿಕೆ ವ್ಯಾಪಾರದಿಂದ ಸಂಸ್ಕೃತಿಯ ಕಡೆ ಬಂದವರು. ಜೀಪಿಳಿದು ನೋಡಿದರೆ ಗೇಟಿನ ಮುಂದೆ ಸಾಲು ಹಿಡಿದ ಪ್ರವಾಸಿಗರು. ದೊಡ್ಡ ಟಗರು ಮುಂದೆ.

"ಇವ್ರು ಯಾವ ಊರಿನೋರು?" ಎಂದು ಕೇಳಿದರು.

"ತಾಳ್ಯದ ಕಡೆಯೋರು ಸಾರ್. ಕುಟುಂಬ ಸಮೇತ" ಎಂದರು ರಾಜಶೇಖರ್.

ಅಧ್ಯಕ್ಷರು ತಲೆಯಾಡಿಸಿದರು. "ಶಿಸ್ತು ಐತೆ ಕಣ್ರೀ. ಮೊಬೈಲ್ ಇಲ್ಲ, ಸೆಲ್ಫಿ ಇಲ್ಲ."

ಉಷಾರಾಣಿ ಮೈಕು ಹಿಡಿದಳು. "ಸನ್ಮಾನ್ಯ ಪ್ರವಾಸಿಗರೇ." ಕುರಿಗಳು ಬ್ಯಾ ಎಂದವು. ಇಷ್ಟು ದಿನದಲ್ಲಿ ಅವಳಿಗೆ ಉತ್ತರ ಸಿಕ್ಕಿದ್ದು ಅದೇ ಮೊದಲು. ಬೆವರಿನ ಭಾಗವನ್ನು ಅಂದು ಅವಳು ಎಂದಿಗಿಂತ ಚೆನ್ನಾಗಿ ಹೇಳಿದಳು.

ಮಾತು ಮುಗಿದದ್ದೇ ತಡ, ಕುರಿಗಳು ಕುಳಿಗಳಿಗೆ ಬಿದ್ದವು. ಖಾಲಿ ಕಲ್ಲನ್ನೇ ನೆಕ್ಕಿದವು. ನೆಕ್ಕಿ ನೆಕ್ಕಿ ತಲೆ ಎತ್ತಿ ಪಾಲಣ್ಣನ ಮುಖ ನೋಡಿದವು. ಪಾಲಣ್ಣ ಬರಿಗೈಯಲ್ಲಿ ನಿಂತು ನೆಲ ನೋಡಿದ. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು.

"ಇವ್ರು ಏನ್ ಮಾಡ್ತವ್ರೆ?" ಅಧ್ಯಕ್ಷರು ಕೇಳಿದರು.

ರಾಜಶೇಖರ್ ಒಂದು ಹೆಜ್ಜೆ ಹಿಂದೆ ಸರಿದರು. ಉಷಾರಾಣಿಯೇ ಮುಂದೆ ಬಂದಳು. "ಡೈನೋಸಾರಿನ ಬೆವರಿನ ರುಚಿ ನೋಡ್ತವ್ರೆ ಸಾರ್."

ಅಧ್ಯಕ್ಷರು ಬಗ್ಗಿ ಕುಳಿಗೆ ಬೆರಳು ತೀಡಿ ನಾಲಿಗೆಗೆ ಹಚ್ಚಿಕೊಂಡರು. ಇನ್ನೊಂದು ಕುಳಿಯದನ್ನೂ ನೆಕ್ಕಿ ನೋಡಿದರು. ಆಮೇಲೆ ಕೋಪಗೊಂಡರು.

"ಏನ್ರೀ ರಾಜಶೇಖರ್, ಉಪ್ಪೇ ಇಲ್ಲವಲ್ರೀ! ಕೋಟಿ ವರ್ಷದಿಂದ ಇದ್ದ ಬೆವರನ್ನ ನಿಮ್ಮ ಕೈಗೆ ಬಂದ ಮೂರೇ ತಿಂಗಳಲ್ಲಿ ತೀರಿಸಿದ್ರಾ?"

ಸಮಿತಿ ಪ್ರತಿಮೆಯ ನೆರಳಲ್ಲೇ ತುರ್ತುಸಭೆ ಸೇರಿತು. ಪ್ರವಾಸಿಗರ ಒತ್ತಡದಿಂದ ಪುರಾತನ ಬೆವರು ನಶಿಸುತ್ತಿದೆ ಎಂದು ಕಳವಳ ವ್ಯಕ್ತಪಡಿಸಿತು. ಬೆವರು ಮರುಪೂರಣ ಯೋಜನೆಗೆ ಅಲ್ಲಿಯೇ ಮಂಜೂರಾತಿ ನೀಡಿತು. ಗುತ್ತಿಗೆಯನ್ನು ಅಧ್ಯಕ್ಷರ ಭಾಮೈದ ಪರಮೇಶಿಗೆ ಕೊಡಲಾಯಿತು. ಆತ ಜೀಪಿನಲ್ಲಿಯೇ ಇದ್ದದ್ದು ಅನುಕೂಲವಾಯಿತು.

ಪರಮೇಶಿ ತಾಳ್ಯದ ಅಂಗಡಿಗೆ ಹೋಗಿ, ಪಾಲಣ್ಣ ತರುತ್ತಿದ್ದ ಹರಳುಪ್ಪನ್ನೇ ಚೀಲಗಟ್ಟಲೆ ತಂದ. ಚೀಲದ ಮೇಲೆ "ಪುರಾತನ ಬೆವರು, ಹರಳು ರೂಪದ್ದು" ಎಂದು ಬರೆಸಿದ. ಬೆಲೆಯೊಂದು ಮಾತ್ರ ಪುರಾತನವಾಗಿರಲಿಲ್ಲ.

"ಸುರಿಯಾಕೆ ಅನುಭವ ಇರೋರು ಯಾರಾದ್ರೂ ಅವ್ರಾ?" ಎಂದು ಪರಮೇಶಿ ಕೂಗಿದ.

ಪಾಲಣ್ಣ ಕೈ ಎತ್ತಿದ.

ಅವನು ಕುಳಿ ಕುಳಿಗೂ ಉಪ್ಪು ಸುರಿದ. ಟಗರು, ಕುರಿ, ಮರಿ ಎಲ್ಲ ಬಾಯಿ ಹಾಕಿದವು. ಬಂಡೆಯ ಮೇಲೆಲ್ಲ ನಾಲಿಗೆಯ ಸರಬರ ಸದ್ದು. ಪಾಲಣ್ಣ ಬೀಡಿ ಹಚ್ಚಲು ಹೋದ. ಉಷಾರಾಣಿ ಕಣ್ಣು ಬಿಟ್ಟಳು. ಅವನು ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ. ಮಧ್ಯಾಹ್ನದ ಮೇಲೆ ಮಳೆ ಹೊಡೆಯಿತು. ಆ ಮಳೆಗಾಲದಲ್ಲಿ ಅವನ ಒಂದು ಮರಿಯೂ ಹೊಸ ಹುಲ್ಲಿಗೆ ಕೆಡಲಿಲ್ಲ.

ಸಮಿತಿಯ ವರದಿ ತೃಪ್ತಿಕರವಾಗಿತ್ತು. ರಾಜಶೇಖರರಿಗೆ ಬಡ್ತಿ ಬಂತು. ಪ್ರವಾಸಿಗರು ಹೆಜ್ಜೆಯನ್ನು ಬರೀ ನೋಡಿ ಹೋಗುವುದು ಪ್ರಾಧಿಕಾರಕ್ಕೆ ನಷ್ಟವೆಂದೂ, ತಾಳ್ಯದ ಪ್ರವಾಸಿಗರ ಮಾದರಿಯನ್ನು ಎಲ್ಲರೂ ಅನುಸರಿಸತಕ್ಕದ್ದೆಂದೂ ಆದೇಶವಾಯಿತು. ಸೂಚನೆಗೆ ಒಂದು ಸಾಲು ಸೇರಿತು: "ವಿವರಣೆ ಮುಗಿದ ನಂತರ ಎಲ್ಲರೂ ಕಡ್ಡಾಯವಾಗಿ ಮಂಡಿಯೂರಿ ನೆಕ್ಕುವುದು. ಕೈ ಬಳಸಬಾರದು."

ಇದರ ಸುದ್ದಿ ಹರಡಿದ ಮೇಲೆ ಜನ ಬರತೊಡಗಿದರು. ಕೀಲು ನೋವಿಗೆ ಒಳ್ಳೆಯದು ಎಂದರು ಕೆಲವರು. ಮಕ್ಕಳಿಗೆ ಗಣಿತ ಹತ್ತುತ್ತದೆ ಎಂದರು ಇನ್ನು ಕೆಲವರು. ಅಮಾವಾಸ್ಯೆಯಂದು ಚಿತ್ರದುರ್ಗದಿಂದ ಹೆಚ್ಚುವರಿ ಬಸ್ಸು ಬಿಡಬೇಕಾಯಿತು.

ಮೊನ್ನೆಯ ಅಮಾವಾಸ್ಯೆಗೆ ಭೀಮಸಮುದ್ರದಿಂದ ಒಬ್ಬರು ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ಹೆಂಡತಿಯೊಂದಿಗೆ ಬಂದಿದ್ದರು. ಸಾಲು ಉದ್ದವಿತ್ತು. ಮುಂದೆಲ್ಲ ಕುರಿಗಳಿದ್ದವು.

"ಏನಪ್ಪ, ನಾವು ಅಷ್ಟು ದೂರದಿಂದ ಬಂದೀವಿ. ಕುರಿಗಳಿಗ್ಯಾಕೆ ಮೊದಲು?" ಎಂದು ಅವರು ಪಾಲಣ್ಣನನ್ನು ಕೇಳಿದರು.

"ಅವು ಟೂರು ಪೂರ್ತಿ ಕೇಳ್ಯಾವೆ. ನೀವು ನಡುವೆ ಫೋನಿನಾಗೆ ಮಾತಾಡ್ತಿದ್ರಿ" ಎಂದ ಪಾಲಣ್ಣ.

"ಅದೂ ನಿಜಾನೇ" ಎಂದರು ಅವರು.

ದೊಡ್ಡ ಟಗರು ಕುಳಿಯಿಂದ ತಲೆ ಎತ್ತಿ ಆಚೆ ಹೋಯಿತು. ಅವರ ಹೆಂಡತಿ, "ಜಾಗ ಆತು, ಬೇಗ ಬರ್ರಿ" ಎಂದು ಮೊಣಕೈಯಿಂದ ತಿವಿದಳು. ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಎರಡು ಕುರಿಗಳ ನಡುವೆ ಮಂಡಿಯೂರಿದರು.